ಮುಚ್ಚಳ ಹಾಕುವ ಮುನ್ನ

ಚರ್ಚಿನ ಉಪದೇಶಿ ಇನ್ನಾಸಪ್ಪ ಹೆಣದ ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡದ್ದೇ ತಡ, ಸೆಲ್ವಮೇರಿ ಗೋಡೆಗೆ ಒತ್ತಿಕೊಂಡು ನಿಂತು, "ತಡೀರಿ, ಮುಚ್ಬೇಡಿ" ಎಂದಳು.

ಸಮಾಧಿ ತೋಟದ ನಡುವೆ ಸೊಂಟಮಟ್ಟದ ಆ ಗೋಡೆ. ಅತ್ತ ಮೇಲ್ಜಾತಿಯಿಂದ ಕ್ರಿಸ್ತನ ಬಳಿಗೆ ಬಂದವರ ಗೋರಿಗಳು, ಇತ್ತ ಕೇರಿಯಿಂದ ಬಂದವರವು. ಪೂಜೆಯಲ್ಲಿ ಒಂದೇ ರೊಟ್ಟಿಯನ್ನು ನಾಲಿಗೆಯ ಮೇಲಿಟ್ಟುಕೊಂಡ ಜನ, ಸತ್ತಮೇಲೆ ಒಂದೇ ಮಣ್ಣು ಹಂಚಿಕೊಳ್ಳಲಾರದೆ ಕಟ್ಟಿಕೊಂಡದ್ದು. ರಷ್ಯಾದ ಕ್ರಾಂತಿಯ ಗಲಭೆಯಲ್ಲಿ ಎಲ್ಲವನ್ನೂ ಕಳೆದುಕೊಂಡು, ದೇವರಾಜ ಮೊಹಲ್ಲಾಕ್ಕೆ ಬಂದು ಮಕ್ಕಳ ಫ್ರಾಕು ಹೊಲಿದು ಬದುಕಿದ್ದ ತಾನ್ಯಮ್ಮನಿಗೆ, ಚರ್ಮ ಬಿಳಿಯದೆಂದು ಅತ್ತಲೇ ಗುಂಡಿ ತೋಡಿದ್ದರು. ಅವರ ಮನೆಯ ಕಕ್ಕಸು ತೊಳೆಯುತ್ತಿದ್ದ ಸೆಲ್ವಮೇರಿಯನ್ನು ಇತ್ತ ನಿಲ್ಲಿಸಿದ್ದರು.

"ಪಾದ್ರಿ ಸ್ವಾಮಿಗಳು ಲತೀನ್ ಮಾತಲ್ಲಿ ಎಲ್ಲಾ ಹೇಳಿ ಹೋದ್ರು" ಎಂದ ಇನ್ನಾಸಪ್ಪ. "ಅದಕ್ಕಿಂತ ದೊಡ್ಡ ಮಾತು ನಿನ್ ಹತ್ರ ಏನೈತೆ?"

"ಅವರ ಮಾತು ಐತೆ. ಅವರೇ ಕಲಿಸಿದ್ದು."

ಗುಂಪಿನಲ್ಲಿ ಯಾರೋ ಮೂಗಿನಲ್ಲೇ ನಕ್ಕರು.

* * *

ಮೊದಮೊದಲು ಸೆಲ್ವಮೇರಿ ಹಿತ್ತಲಿಂದ ಬಂದು ಹಿತ್ತಲಿಂದಲೇ ಹೋಗುತ್ತಿದ್ದಳು. ಒಂದು ದಿನ ತಾನ್ಯಮ್ಮ ಅವಳನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿದರು. ಹುಟ್ಟಿದಂದಿನಿಂದ ಕುರ್ಚಿಯ ಮೇಲೆ ಕೂರದ ಹೆಂಗಸು ತುದಿಯಲ್ಲಿ ಕೂತು ಬೆವರಿದಳು. ತಾನ್ಯಮ್ಮ ಬ್ರೆಡ್ಡಿನ ತುಂಡು ಕೈಗಿಟ್ಟು "ಖ್ಲ್ಯೇಪ್" ಎಂದರು. ನೀರಿನ ಲೋಟ ಎತ್ತಿ "ವದಾ" ಎಂದರು. ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ಹೊಲಿಗೆ ಬಂದರೆ ಸಾಕಿತ್ತು. ತಾನ್ಯಮ್ಮನಿಗೆ ತಮ್ಮ ನುಡಿ ಇನ್ನೊಂದು ಬಾಯಲ್ಲಿ ಕೇಳಬೇಕಿತ್ತು.

ಅಂದಿನಿಂದ ಕೆಲಸ ಮುಗಿದಮೇಲೆ ಪಾಠ. ಖ ಅನ್ನುವುದು ಎದೆಯಿಂದಲ್ಲ, ಸಾಬರ ಬೀದಿಯಲ್ಲಿ ಖರ್ಬೂಜ ಮಾರುವವನ ಹಾಗೆ ಗಂಟಲು ಕೆರೆದು. ಮೀನು ಎನ್ನುವುದಕ್ಕೆ ರಷ್ಯನ್ನಿನಲ್ಲಿರುವ ಪದದಲ್ಲಿ ಮಾತ್ರ ಕನ್ನಡಕ್ಕಿಲ್ಲದ ಸ್ವರವೊಂದಿತ್ತು; ತುಟಿಯನ್ನು ನಗುವ ಹಾಗೆ ಅಗಲಿಸಿ 'ಉ' ಎನ್ನಬೇಕು. ಸೆಲ್ವಮೇರಿಯ ಮನೆಮಾತು ತಮಿಳು. ಅಲ್ಲಿ ದನಕ್ಕೆ 'ಮಾಡು' ಎನ್ನುವಾಗ ಕೊನೆಗೆ ಉಳಿಯುವ ದನಿ ಹೆಚ್ಚುಕಮ್ಮಿ ಅದೇ. ಅವಳು ಅಂದದ್ದನ್ನು ಕೇಳಿ ತಾನ್ಯಮ್ಮ ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಇಟ್ಟು ನಿಲ್ಲಿಸಿ ಅತ್ತುಬಿಟ್ಟರು.

"ನಮ್ ಕೇರಿ ಮಾತು ಕೇಳಿ ಎಲ್ರೂ ನಗ್ತಾರೆ ಕಣಮ್ಮ" ಎಂದಳು ಸೆಲ್ವಮೇರಿ. "ಅಳೋರನ್ನ ಇವತ್ತೇ ನೋಡಿದ್ದು."

ಕೆಮ್ಮು ಹಿಡಿದು ಮಲಗಿದಮೇಲೆ ತಾನ್ಯಮ್ಮ ತಮ್ಮ ಊರಿನ ಪದ್ಧತಿ ಹೇಳಿದರು. ಪೆಟ್ಟಿಗೆ ಮುಚ್ಚುವ ಮುನ್ನ ಬಂದವರು ಬಾಗಿ, ಸತ್ತವರ ಹಣೆಗೆ ಮುತ್ತಿಟ್ಟು, "ಪ್ರಸ್ತೀ" ಎಂದು ಕ್ಷಮೆ ಕೇಳುತ್ತಾರೆ. ಇಲ್ಲಿ ತಮಗೆ ಅದನ್ನು ಹೇಳುವವರು ಯಾರಿದ್ದಾರೆ ಎಂಬುದೊಂದೇ ಅವರ ದಿಗಿಲು.

"ನಾನ್ ನಿಮಗೇನ್ ತಪ್ಪು ಮಾಡಿದೀನಿ?"

"ತಪ್ಪು ಬೇಡ, ಸೆಲ್ವಾ. ಕೇಳೋ ಜನ ಒಬ್ಬರು ಬೇಕು."

ಕೇರಿಯವಳಿಂದ ಈ ಊರು ದುಡಿಮೆ ಕೇಳಿತ್ತು, ವಿಧೇಯತೆ ಕೇಳಿತ್ತು. ಇಂಥದೊಂದನ್ನು ಯಾರೂ ಕೇಳಿರಲಿಲ್ಲ. ಆ 'ತೀ' ಮೆದುವಾಗುವವರೆಗೂ ಅವಳು ಪೊರಕೆ ಹಿಡಿದ ಕಡೆಯಲ್ಲೆಲ್ಲ ಅಂದುಕೊಂಡಳು.

* * *

"ಅಲ್ಲಿಂದ್ಲೇ ಹೇಳು. ಗೋಡೆ ದಾಟೋದು ಬೇಡ" ಎಂದ ಇನ್ನಾಸಪ್ಪ.

"ಬಾಗಿ ಹೇಳ್ಬೇಕು. ಮುತ್ತಿಡ್ಬೇಕು."

ಆಗ ತಾನ್ಯಮ್ಮನಿಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಜವಳಿ ಅಂಗಡಿಯ ಶಿವರುದ್ರಪ್ಪ ರುಮಾಲು ಸರಿಮಾಡಿಕೊಂಡು, "ಅವಳು ದಾಟಿದ್ರೆ ತಾನೇ ನಿಮಗೆ ತೊಂದ್ರೆ? ಪೆಟ್ಟಿಗೇನ ಹತ್ರ ಒಯ್ಯೋಣ. ಹೆಣಕ್ಕೆ ಯಾವ ಜಾತಿ ಕಣ್ರೀ" ಎಂದ. ಇನ್ನಾಸಪ್ಪ ಬಾಯಿ ತೆರೆಯುವಷ್ಟರಲ್ಲಿ ಹೊತ್ತವರು ಪೆಟ್ಟಿಗೆಯನ್ನು ಎತ್ತಿ ತಂದು ಗೋಡೆಯ ಮೇಲೆಯೇ ಇಟ್ಟು, ಎರಡೂ ತುದಿ ಹಿಡಿದು ನಿಂತರು.

ಸೆಲ್ವಮೇರಿ ಬಾಗಿದಳು. ಕೇಳಬೇಕಾದದ್ದು ಕ್ಷಮೆ, ಗಂಟಲಿಗೆ ಬಂದದ್ದು ಆ ಕುರ್ಚಿ, ಆ ಲೋಟ, ಅವಳ ಮಾತಿಗಾಗಿ ನಿಂತ ಆ ಯಂತ್ರ. ತಣ್ಣನೆಯ ಹಣೆಗೆ ತುಟಿಯೊತ್ತಿ "ಪ್ರಸ್ತೀ" ಎಂದಳು. 'ತೀ' ಮೆದುವಾಗಿಯೇ ಬಂತು.

ಈಗ ಯಾರೂ ನಗಲಿಲ್ಲ. ಹೊಲಿಗೆ ಕಲಿಯುತ್ತಿದ್ದ ಶಿವರುದ್ರಪ್ಪನ ಮಗಳು ಪ್ರೇಮಲೀಲಾ ಕಣ್ಣೊರೆಸಿಕೊಂಡು ಮುಂದೆ ಬಂದು, ತನಗೂ ಕ್ಷಮೆ ಕೇಳಬೇಕಾದದ್ದಿದೆ, ಹೇಗೆ ಅನ್ನಬೇಕು ಎಂದಳು. "ಪ್ರಸ್ತೀ" ಎಂದು ಹೇಳಿ ನೋಡಿದಳು, 'ತೀ' ಒರಟಾಯಿತು.

"ನಾಲಿಗೆ ಎಲ್ಲಿ ಇಡ್ಬೇಕು? ಇಲ್ಲಿಂದ ಕಾಣಲ್ಲ."

"ಅಂಗಾದ್ರೆ ಬಾ ಕಣಮ್ಮ, ತೋರಿಸ್ತೀನಿ."

ಪ್ರೇಮಲೀಲಾ ಹಿಂದಿನ ಗೇಟಿನಿಂದ ಸುತ್ತಿಕೊಂಡು ಇತ್ತ ಬಂದಳು. ಅವಳ ಹಿಂದೆ ಮತ್ತೊಬ್ಬಳು ಬಂದಳು, ಆಮೇಲೆ ಮಗುವನ್ನು ಎತ್ತಿಕೊಂಡ ಇನ್ನೊಬ್ಬಳು. ಕೇರಿಯವರ ಗೋರಿಗಳ ನಡುವೆ ಸೆರಗು ಮುಳ್ಳಿಗೆ ಸಿಕ್ಕದಂತೆ ಎತ್ತಿ ಹಿಡಿದು ನಿಂತ ಹೆಂಗಸರು, ಬಾಯಿ ತೆರೆದು ನಾಲಿಗೆ ತೋರಿಸುತ್ತಿದ್ದ ಸೆಲ್ವಮೇರಿಯ ಮುಖಕ್ಕೆ ತಮ್ಮ ಮುಖ ಹತ್ತಿರ ತಂದು ನೋಡುತ್ತಿದ್ದರು.