ಇಪ್ಪತ್ತೇಳರಿಂದ ಶುರು ಮಾಡಿ, ಇಪ್ಪತ್ತೆಂಟನ್ನು ಬಿಡಿ

'ಶನಿಯಾಚೆ' ಮಾಲೆಯನ್ನು ಎಲ್ಲಿಂದ ಓದಲು ಶುರು ಮಾಡಬೇಕು ಎಂದು ಬಾಡಿಗೆ ಪುಸ್ತಕದಂಗಡಿಯ ಲೈಬ್ರರಿ ಅಕ್ಕನನ್ನು ಕೇಳಿದವರು ಎಷ್ಟು ಜನವೋ ಲೆಕ್ಕವಿಲ್ಲ. ಅವಳು ಕೊಟ್ಟ ಉತ್ತರ ಮಾತ್ರ ಒಂದೇ.

"ಇಪ್ಪತ್ತೇಳರಿಂದ ಶುರು ಮಾಡಿ. ಇಪ್ಪತ್ತೆಂಟನ್ನ ಮುಟ್ಟಬೇಡಿ. ಅಲ್ಲಿಂದ ಸೀದಾ ಇಪ್ಪತ್ತೊಂಬತ್ತಕ್ಕೆ ಹೋಗಿ. ಒಂದರಿಂದ ಹತ್ತು ಬೇಕಾದ್ರೆ ಕೆಲಸದಿಂದ ನಿವೃತ್ತರಾದ್ಮೇಲೆ ಓದ್ಕೊಳ್ಳಿ."

ಒಂದರಿಂದ ಯಾಕೆ ಬೇಡ ಎಂದು ವಾದಕ್ಕಿಳಿದವರನ್ನು ಅವಳು ಕನ್ನಡಕದ ಮೇಲಿಂದ ಒಂದು ಸಲ ನೋಡುತ್ತಿದ್ದಳು, ಅಷ್ಟೇ. ವಾದ ಮುಗಿಯುತ್ತಿತ್ತು. ಅವಳ ಮಾತಿಗೆ ಬೆಲೆಯೂ ಇತ್ತು, ಬಿಡಿ. ಮೊದಲು ನಾಲ್ಕು ಸಿನಿಮಾ, ಆಮೇಲೆ ಹನ್ನೊಂದು ವರ್ಷ ಜಗ್ಗಾಡಿದ ಧಾರಾವಾಹಿ, ಅದರ ಬಾಲ ಹಿಡಿದು ಬಂದ ನೂರ ಮೂವತ್ತೊಂದು ಕಾದಂಬರಿ. ಒಂದೊಂದನ್ನು ಒಬ್ಬೊಬ್ಬರು ಬರೆದದ್ದು. ಹನ್ನೆರಡರಲ್ಲಿ ಸುಟ್ಟು ಬೂದಿಯಾದ ಅಡುಗೆಯವನು ಹದಿನಾಲ್ಕರಲ್ಲಿ ಸೌಟು ಹಿಡಿದು ನಿಂತಿರುತ್ತಾನೆ. ಇಂಥ ಕಾಡಿನಲ್ಲಿ ದಾರಿ ತೋರಿಸುವವರು ಒಬ್ಬರು ಬೇಡವೇ? ಪ್ರಕಟಿಸಿದ ಕಂಪನಿಯವರಿಗಂತೂ ಕಥೆಗಿಂತ ಅಳತೆ ಮುಖ್ಯ. ಯಾವ ಪುಸ್ತಕ ತೆಗೆದರೂ ಇನ್ನೂರ ಎಪ್ಪತ್ತೆರಡು ಪುಟ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಇಪ್ಪತ್ತೇಳನೆಯದರಲ್ಲಿ ಇಬ್ಬರು ಅಕ್ಕತಂಗಿಯರು. ಅಕ್ಕ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್, ತಂಗಿ ಮೆಕ್ಯಾನಿಕ್. ತಂಗಿ ಹೇಳದೆ ಕೇಳದೆ ಸಣ್ಣ ದೋಣಿಯೊಂದನ್ನು ತೆಗೆದುಕೊಂಡು ಹೊರಟುಹೋಗುತ್ತಾಳೆ. ಇಪ್ಪತ್ತು ದಿನದ ಮೇಲೆ ವಾಪಸು ಬಂದು ನೌಕೆಯ ಬಾಗಿಲನ್ನು ಮೂರು ಸಲ ಬಡಿಯುತ್ತಾಳೆ. ಕ್ಯಾಪ್ಟನ್ ಹಿಡಿಯ ಮೇಲೆ ಕೈಯಿಡುತ್ತಾಳೆ, ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಬಾಗಿಲು ತೆರೆಯುವುದಿಲ್ಲ. ನೌಕೆ ಮುಂದಕ್ಕೆ ಹೋಗುತ್ತದೆ. ಓದಿದವರು ಕಣ್ಣೊರೆಸಿಕೊಂಡು ಬಂದು ಪುಸ್ತಕ ಹಿಂತಿರುಗಿಸುತ್ತಿದ್ದರು. ಲೈಬ್ರರಿ ಅಕ್ಕ ಅಳುತ್ತಿರಲಿಲ್ಲ. "ಹೆಂಗಸು ಅಂದ್ರೆ ಹಾಗಿರಬೇಕು" ಎನ್ನುತ್ತಿದ್ದಳು.

ಇಪ್ಪತ್ತೆಂಟು ಮಾತ್ರ ಶುದ್ಧ ಗೊಂದಲ. ಪಡೆಯನ್ನೇ ಶತ್ರುಗಳಿಗೆ ಮಾರಿದ ಗೂಢಚಾರಿಣಿಯೊಬ್ಬಳು ಕೊನೆಗೆ ನೌಕೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕ್ಯಾಪ್ಟನ್ ಇದ್ದಕ್ಕಿದ್ದಂತೆ ಬಾಗಿಲು ತೆಗೆದು, ಅವಳನ್ನು ತಬ್ಬಿಕೊಂಡು, "ನಿನ್ನ ಸ್ಪ್ಯಾನರ್ ಇಟ್ಟಲ್ಲೇ ಇದೆ, ಯಾರೂ ಮುಟ್ಟಿಲ್ಲ" ಎಂದು ಗದರುತ್ತಾಳೆ. ತಲೆಬುಡವಿಲ್ಲ. "ಬರೆದೋನು ಕುಡಿದು ಬರೆದಿರಬೇಕು" ಎಂದು ಅಕ್ಕ ಅದನ್ನು ಮೇಲಿನ ಹಲಗೆಗೆ ತಳ್ಳಿ ಹತ್ತೊಂಬತ್ತು ವರ್ಷವಾಗಿತ್ತು.

ಹತ್ತೊಂಬತ್ತು ವರ್ಷದ ಇನ್ನೊಂದು ಲೆಕ್ಕವೂ ಆ ಅಂಗಡಿಯಲ್ಲಿತ್ತು. ಅವಳ ಸ್ವಂತ ತಂಗಿ ಅಂಗಡಿ ಬಿಟ್ಟು ಹೋಗಿಯೂ ಅಷ್ಟೇ ವರ್ಷ.

ತಂಗಿಯನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಹೊಸ ಪುಸ್ತಕಗಳು ಕಾಗದದ ಹೊದಿಕೆಯಲ್ಲಿ ಬರುತ್ತಿದ್ದವು. ಬಾಡಿಗೆಗೆ ಕೊಟ್ಟರೆ ತಿಂಗಳಲ್ಲಿ ಚಿಂದಿ. ಅದಕ್ಕೇ ಬಂದ ದಿನವೇ ಬಿಚ್ಚಿ, ಗಟ್ಟಿ ದಾರದಲ್ಲಿ ಹೊಲಿದು, ರಟ್ಟು ಹಾಕುವುದು ಅಕ್ಕತಂಗಿಯರ ಪದ್ಧತಿ. ಹದಿನಾರು ಪುಟದ ಒಂದು ಮಡಿಕೆಯೇ ಒಂದು ಫಾರಂ, ಪುಸ್ತಕಕ್ಕೆ ಹದಿನೇಳು ಫಾರಂ. ಪ್ರತಿ ಫಾರಮಿನ ಮೊದಲ ಪುಟದ ಒಳಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ಪುಸ್ತಕದ ಸಂಖ್ಯೆ, ಫಾರಮಿನ ಸಂಖ್ಯೆ ಅಚ್ಚಾಗಿರುತ್ತಿತ್ತು. ಅಕ್ಕ ಜೋಡಿಸುತ್ತ "ಇಪ್ಪತ್ತಾರು, ಮೂರು" ಎಂದು ಕೂಗಬೇಕು, ಸೂಜಿ ಆ ಸಂಖ್ಯೆ ನೋಡಿ "ಸರಿ" ಎಂದು ಹೊಲಿಯಬೇಕು. ಹೊಲಿದ ಮೇಲೆ ಸಂಖ್ಯೆ ದಾರದಡಿ ಅಡಗಿಹೋಗುತ್ತಿತ್ತು. ಇನ್ನೊಂದು ಕಟ್ಟುನಿಟ್ಟು: ಮೇಜಿನ ಮೇಲೆ ಎರಡು ಪುಸ್ತಕ ಒಟ್ಟಿಗೆ ಬಿಚ್ಚಬಾರದು.

ಒಂದು ಮಂಗಳವಾರ ಸೂಜಿ ಬೇರೆ ಊರಿನ ಮುದ್ರಣಾಲಯದಲ್ಲಿ ಕೆಲಸ ಹಿಡಿದೆ ಎಂದಳು. ಕೇಳಿದ್ದಲ್ಲ, ಹೇಳಿದ್ದು. ಅಕ್ಕ ಕೆಂಡವಾದಳು. "ಹೋದ್ರೆ ಹೋಗು, ಈ ಬಾಗಿಲು ನಿನಗೆ ಮುಚ್ಚಿತು ಅಂದ್ಕೋ" ಎಂದು ಕಡ್ಡಿ ಮುರಿದಂತೆ ಹೇಳಿದಳು. ಸೂಜಿ ಬೀಗದ ಕೈ ಮೇಜಿನ ಮೇಲಿಟ್ಟು ಹೋದಳು. ಸರಿಯಾಗಿ ಇಪ್ಪತ್ತು ದಿನಕ್ಕೆ ವಾಪಸು ಬಂದು ಶಟರನ್ನು ಮೂರು ಸಲ ಬಡಿದಳು. ಅಕ್ಕ ಒಳಗೇ ಇದ್ದಳು. ತೆಗೆಯಲಿಲ್ಲ. ಆಮೇಲೆ ಪತ್ರವಿಲ್ಲ, ಫೋನಿಲ್ಲ, ಸೋದರಮಾವನ ಬಾಯಲ್ಲಿ ಬಂದ ಸುದ್ದಿಯೇ ಸುದ್ದಿ.

ಆ ಮಾವ ಇವತ್ತು ಬೆಳಿಗ್ಗೆ ಫೋನು ಮಾಡಿದ್ದ.

"ನೋಡಮ್ಮ, ಸೂಜಿಯ ಬಸ್ಸು ಇವತ್ತು ನಿಮ್ಮೂರಲ್ಲಿ ಒಂದೂವರೆ ಗಂಟೆ ನಿಲ್ಲುತ್ತಂತೆ. ಐದಕ್ಕೆ ಅಂಗಡಿ ಹತ್ರ ಬರ್ತಾಳಂತೆ. ತೆಗೀಬೇಕು ಅನ್ನಿಸಿದ್ರೆ ತೆಗೀಲಿ ಅಂದ್ಲು. ತುಂಬ ದೂರಕ್ಕೆ ಹೋಗ್ತಿದಾಳೆ, ಮತ್ತೆ ಈ ಕಡೆ ಬರೋ ಮಾತಿಲ್ಲ."

"ನಾನು ಇವತ್ತು ನಾಲ್ಕಕ್ಕೇ ಮುಚ್ತೀನಿ, ಮಾವ."

"ನಿನ್ನಿಷ್ಟ" ಎಂದು ಮಾವ ಫೋನಿಟ್ಟ.

ಮೂರು ಗಂಟೆಗೆ ಲೆಕ್ಕದ ಮೇಷ್ಟ್ರು ಬಂದರು. ಒಂದು ಅಲ್ಪವಿರಾಮ ತಪ್ಪಿದ್ದರೂ ಪುಸ್ತಕ ಹಿಡಿದುಕೊಂಡು ಬರುವ ಜೀವ ಅದು. ಗಾಳಿಯೇ ಇಲ್ಲದ ಕಡೆ ಬಾಗಿಲು ಬಡಿದರೆ ಸದ್ದು ಹೇಗೆ ಕೇಳುತ್ತದೆ ಎಂದು ಒಂದು ವಾರ ತಲೆ ತಿಂದಿದ್ದರು. "ಬಾಗಿಲು ಲೋಹದ್ದು, ಮೇಷ್ಟ್ರೇ" ಎಂದು ಅಕ್ಕ ಬಾಯಿ ಮುಚ್ಚಿಸಿದ್ದಳು. ಇವತ್ತು ಅವರ ಕೈಯಲ್ಲಿ ಇಪ್ಪತ್ತೇಳರ ಎರಡು ಪ್ರತಿಗಳಿದ್ದವು, ಒಂದು ಅಂಗಡಿಯದು, ಒಂದು ಹೊಚ್ಚ ಹೊಸದು.

"ಅಕ್ಕ, ಒಂದು ಸಣ್ಣ ಅನುಮಾನ."

"ನಿಮ್ಮ ಅನುಮಾನ ಯಾವತ್ತು ಸಣ್ಣದಿತ್ತು, ಹೇಳಿ."

"ನೀವು ಹೇಳಿದ್ರಿ ಅಂತ ಭಾವಮೈದನಿಗೂ ಇಪ್ಪತ್ತೇಳರಿಂದಲೇ ಶುರು ಮಾಡು ಅಂದೆ. ಅವನು ಹೊಸದು ಕೊಂಡ್ಕೊಂಡ. ನಿನ್ನೆ ಊಟದ ಹೊತ್ತಲ್ಲಿ ನಾನು, ಕ್ಯಾಪ್ಟನ್ ಎಂಥ ಕಲ್ಲು ಮನಸ್ಸಿನೋಳು ನೋಡು ಅಂದೆ. ಅವನು ನನ್ನ ಮುಖ ನೋಡ್ದ. ಕಲ್ಲು ಮನಸ್ಸು ಯಾಕೆ, ಬಾಗಿಲು ತೆಗೆದ್ಲಲ್ಲ ಅಂದ."

"ನಿಮ್ಮ ಭಾವಮೈದ ನಿದ್ದೆಗಣ್ಣಲ್ಲಿ ಓದಿರ್ಬೇಕು."

"ನಾನೂ ಹಾಗೇ ಅಂದೆ. ನೀವೇ ನೋಡಿ."

ಅಕ್ಕ ಉದಾಸೀನದಿಂದಲೇ ಹೊಸ ಪ್ರತಿ ತೆಗೆದುಕೊಂಡಳು. ಪುಟ ಇನ್ನೂರ ಐವತ್ತಾರರ ಕೊನೆಯ ಸಾಲು ಅವಳಿಗೆ ಬಾಯಿಪಾಠ: ಹೊರಗಿನಿಂದ ಮೂರು ಸಲ ಬಡಿದ ಸದ್ದು, ಕ್ಯಾಪ್ಟನ್ ಹಿಡಿಯ ಮೇಲೆ ಕೈಯಿಟ್ಟಳು. ಎದುರಿನ ಪುಟಕ್ಕೆ ಕಣ್ಣು ಹಾಯಿಸಿದಳು. ಹಿಡಿಯನ್ನು ತಿರುಗಿಸಿದಳು, ಎಂದಿತ್ತು.

ಅವಳು ಆ ಸಾಲಿಗೆ ಬೆರಳಿಟ್ಟಳು. ಮುಂದಿನ ಸಾಲು ಓದಿದಳು, ಅದರ ಮುಂದಿನದನ್ನೂ. ತಂಗಿ ಒಳಕ್ಕೆ ಬೀಳುತ್ತಾಳೆ. ಕ್ಯಾಪ್ಟನ್ ತಬ್ಬಿಕೊಳ್ಳುತ್ತಾಳೆ. ನಿನ್ನ ಸ್ಪ್ಯಾನರ್ ಇಟ್ಟಲ್ಲೇ ಇದೆ, ಯಾರೂ ಮುಟ್ಟಿಲ್ಲ.

ಈ ಮಾತು ಅವಳಿಗೆ ಗೊತ್ತಿತ್ತು. ಕುಡಿದು ಬರೆದ ಮಾತು ಇದು.

ಅವಳು ಸ್ಟೂಲು ಎಳೆದು ಮೇಲಿನ ಹಲಗೆಗೆ ಕೈಹಾಕಿದಳು. ಇಪ್ಪತ್ತೆಂಟನ್ನು ಇಳಿಸಿ, ಧೂಳು ಕೂಡ ಒರೆಸದೆ ಕೊನೆಯ ಪುಟಗಳನ್ನು ತೆರೆದು ಹೊಸ ಪ್ರತಿಯ ಪಕ್ಕದಲ್ಲಿಟ್ಟಳು. ಅಕ್ಷರಕ್ಕೆ ಅಕ್ಷರ ಒಂದೇ.

"ಅಕ್ಕ, ನೀರು ಕೊಡ್ಲಾ?" ಎಂದರು ಮೇಷ್ಟ್ರು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಈ ಪ್ರತಿ ಇಲ್ಲೇ ಇರ್ಲಿ, ಮೇಷ್ಟ್ರೇ. ನಾಳೆ ಬನ್ನಿ."

ಮೇಷ್ಟ್ರು ಮತ್ತೇನೂ ಕೇಳದೆ ಹೋದರು. ಅವರ ಜನ್ಮದಲ್ಲಿ ಅದೇ ಮೊದಲಿರಬೇಕು.

ಅಕ್ಕ ಶಟರ್ ಎಳೆದು, ದೀಪ ಹಾಕಿ, ತನ್ನ ಇಪ್ಪತ್ತೇಳನ್ನೂ ಇಪ್ಪತ್ತೆಂಟನ್ನೂ ಮೇಜಿನ ಮೇಲಿಟ್ಟಳು. ರಟ್ಟು ಸೀಳಿದಳು. ದಾರ ಗಟ್ಟಿಯಾಗಿತ್ತು, ಬ್ಲೇಡು ಎರಡು ಸಲ ಜಾರಿ ಬೆರಳಿಗೆ ತಗುಲಿತು. ಇಪ್ಪತ್ತೇಳರ ಕೊನೆಯ ಫಾರಮನ್ನು ಬೇರ್ಪಡಿಸಿ ಒಳಮೂಲೆಯನ್ನು ದೀಪಕ್ಕೆ ಹಿಡಿದಳು. ಇಪ್ಪತ್ತೆಂಟು, ಹದಿನೇಳು. ಇನ್ನೊಂದನ್ನು ಹಿಡಿದಳು. ಇಪ್ಪತ್ತೇಳು, ಹದಿನೇಳು.

ಯಾರು ಹೊಲಿದದ್ದು ಎಂದು ನೆನಪು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಅವೆರಡೂ ಒಂದೇ ಕಟ್ಟಿನಲ್ಲಿ ಬಂದಿದ್ದವು, ಸೂಜಿ ಹೋದ ಮರುದಿನ, ಬುಧವಾರ. ಓದುಗರು ಬಾಗಿಲಲ್ಲಿ ಕಾಯುತ್ತಿದ್ದರು. ಅಕ್ಕ ಸಿಟ್ಟಿನ ಭರದಲ್ಲಿ ಎರಡನ್ನೂ ಒಟ್ಟಿಗೆ ಬಿಚ್ಚಿದ್ದಳು. ಕೂಗುವವಳು ಅವಳೇ, ಸರಿ ಎನ್ನುವವಳೂ ಅವಳೇ. ಎರಡಕ್ಕೂ ಅಷ್ಟೇ ಪುಟ, ಪುಟಸಂಖ್ಯೆ ಒಂದಕ್ಕೊಂದು ಕೂತುಬಿಟ್ಟಿತು. ಪುಟದ ತಲೆಯ ಮೇಲೆ ಮಾಲೆಯ ಹೆಸರಷ್ಟೇ. ಕೊನೆಯ ಹದಿನಾರು ಪುಟದಲ್ಲಿ ಆ ಗೂಢಚಾರಿಣಿಗೆ ಹೆಸರೇ ಇರಲಿಲ್ಲ, ಎಲ್ಲ ಕಡೆ 'ಹೊರಗಿದ್ದವಳು'. ಕ್ಯಾಪ್ಟನ್ ಬಾಗಿಲು ಮುಚ್ಚಿದ್ದು ದ್ರೋಹಿಗೆ. ತಂಗಿಗೆ ಯಾವತ್ತೂ ಮುಚ್ಚಿರಲೇ ಇಲ್ಲ.

ಅಕ್ಕ ಕುರ್ಚಿಯ ಮೇಲೆ ಕುಸಿದಳು. ಆ ಇಪ್ಪತ್ತು ದಿನದಲ್ಲಿ ಅವಳು ಇಪ್ಪತ್ತೇಳನ್ನು ಮೂರು ಸಲ ಓದಿದ್ದಳು. ಎದೆ ಮೆತ್ತಗಾದಾಗಲೆಲ್ಲ ಕೊನೆಯ ಪುಟ ತೆಗೆದು ಗಟ್ಟಿಮಾಡಿಕೊಂಡಿದ್ದಳು. ಆಮೇಲೆ ಊರಿಗೆಲ್ಲ ಇದರಿಂದಲೇ ಶುರು ಮಾಡಿ ಎಂದಳು. ತೆರೆದ ಬಾಗಿಲು ಇದ್ದ ಪುಸ್ತಕವನ್ನು ಯಾರೂ ಮುಟ್ಟಬೇಡಿ ಎಂದು ತಾನೇ ಮೇಲಿಟ್ಟಳು. ಬೆರಳಿನ ರಕ್ತ ಹಾಳೆಗೆ ತಾಗಿದ್ದೂ ಅವಳಿಗೆ ತಿಳಿಯಲಿಲ್ಲ. ನಾಲ್ಕು ಹೊಡೆಯಿತು. ನಾಲ್ಕೂವರೆಯಾಯಿತು. ಅವಳು ಏಳಲಿಲ್ಲ.

ಐದಕ್ಕೆ ಶಟರಿನ ಮೇಲೆ ಸದ್ದಾಯಿತು. ಒಂದು. ಎರಡು. ಮೂರು.

ಅಕ್ಕ ಎದ್ದು ಹೋಗಿ ಎತ್ತಿದ ಶಟರ್ ಅರ್ಧದವರೆಗೆ ಬಂದು ಎಂದಿನಂತೆ ಸಿಕ್ಕಿಹಾಕಿಕೊಂಡಿತು. ಹೊರಗಿನಿಂದ ಎರಡು ಕೈ ಬಂದು ಕೆಳಗಂಚನ್ನು ಹಿಡಿದು, ಎಡಕ್ಕೆ ಒಂದಿಷ್ಟು ಅಲುಗಿಸಿ ಮೇಲಕ್ಕೆತ್ತಿದವು. ಆ ಶಟರಿನ ಮರ್ಜಿ ಗೊತ್ತಿದ್ದವರು ಇಬ್ಬರೇ. ಸೂಜಿಯ ಕೂದಲು ಅರ್ಧ ಬೆಳ್ಳಗಾಗಿತ್ತು, ಉಗುರಿನ ಸಂದಿಯಲ್ಲಿ ಮಸಿ. ಅವಳು ಅಕ್ಕನನ್ನು ನೋಡಿದಳು, ಆಮೇಲೆ ಅಕ್ಕನ ಹಿಂದಿದ್ದ ಮೇಜನ್ನು.

"ಇದೇನು, ಎರಡು ಪುಸ್ತಕ ಒಟ್ಟಿಗೆ ಬಿಚ್ಚಿದೀಯ."

ಹತ್ತೊಂಬತ್ತು ವರ್ಷದ ಮೇಲೆ ಬಂದ ಮೊದಲ ಮಾತು ಅದು.

"ಅವತ್ತೂ ಬಿಚ್ಚಿದ್ದೆ" ಎಂದಳು ಅಕ್ಕ. ತಡವರಿಸುತ್ತಲೇ ಎಲ್ಲ ಹೇಳಿದಳು: ಬುಧವಾರದ ಕಟ್ಟು, ಅದಲುಬದಲಾದ ಫಾರಂ, ಮೂರು ಸಲದ ಓದು. ಸೂಜಿ ಎರಡು ಫಾರಮನ್ನೂ ಎತ್ತಿಕೊಂಡು ಒಳಮೂಲೆಯ ಸಂಖ್ಯೆಗಳನ್ನು ನೋಡಿದಳು. ನೋಡಿ, ನಿಂತಲ್ಲೇ ಮೇಜಿನಂಚನ್ನು ಹಿಡಿದುಕೊಂಡಳು.

"ಅಕ್ಕ, ಆ ಊರಿಗೆ ಹೋದ ವಾರದಲ್ಲೇ ನಾನು ಇದನ್ನ ಕೊಂಡ್ಕೊಂಡೆ. ಕ್ಯಾಪ್ಟನ್ ಬಾಗಿಲು ತೆಗೆದ್ಲು. ಅಕ್ಕನೂ ಇಷ್ಟೊತ್ತಿಗೆ ಓದಿರ್ತಾಳೆ ಅಂದ್ಕೊಂಡೆ. ಅದಕ್ಕೇ ಇಪ್ಪತ್ತು ದಿನ ಕಾದೆ. ಮೂರೇ ಸಲ ಬಡಿದೆ. ನಿನಗೆ ಗೊತ್ತಾಗುತ್ತೆ ಅಂತ."

ಅಕ್ಕ ಶಟರಿನತ್ತ ನೋಡಿದಳು.

"ಗೊತ್ತಾಗಿತ್ತು" ಎಂದಳು. "ಅದಕ್ಕೇ ತೆಗೀಲಿಲ್ಲ."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಸೂಜಿ ಫಾರಂಗಳನ್ನು ಮೇಜಿನ ಮೇಲಿಟ್ಟಳು. ಅತ್ತಾಳು ಎಂದುಕೊಂಡಳು ಅಕ್ಕ. ಅಳಲಿಲ್ಲ.

"ಪುಸ್ತಕದ ಮೇಲೆ ಹಾಕ್ಬೇಡ" ಎಂದಳು ಸೂಜಿ. "ಹದಿನಾರು ಪುಟ ಆಚೀಚೆ ಆಗಿರ್ಬಹುದು. ಒಳಗೆ ಕೂತಿದ್ದೋಳು ಕ್ಯಾಪ್ಟನ್ ಅಲ್ಲ, ನೀನು."

ಬೆಳಗಿನವರೆಗೂ ಇಂಥ ಮಾತಿಗೆ ಅಕ್ಕನ ಬಳಿ ಹತ್ತು ಉತ್ತರ ಸಿದ್ಧವಿದ್ದವು.

"ಹೌದು, ನಾನೇ" ಎಂದಳು. "ತಪ್ಪಾಯ್ತು ಕಣೇ."

ಸೂಜಿ ಗಡಿಯಾರ ನೋಡಿದಳು. ಆಮೇಲೆ ಮೇಜಿನ ಕೆಳಗಿನ ಡ್ರಾಯರನ್ನು, ಕೇಳದೆ, ತೆರೆದಳು. ಅವಳ ದಪ್ಪ ಸೂಜಿ, ಮೇಣದ ತುಂಡು, ದಾರದ ಉಂಡೆ, ಬೆರಳಿಗೆ ಹಾಕುವ ತೊಗಲಿನ ಟೊಪ್ಪಿಗೆ, ಎಲ್ಲ ಇಟ್ಟಲ್ಲೇ ಇದ್ದವು. ಅಕ್ಕ ಹತ್ತೊಂಬತ್ತು ವರ್ಷ ಬೇರೆ ಸೂಜಿಯಲ್ಲಿ ಹೊಲಿದಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಸೂಜಿ ಡ್ರಾಯರಿನೊಳಗೇ ನೋಡುತ್ತ ನಿಂತಳು. ಭುಜದ ಚೀಲ ಇಳಿಸಿ ಸ್ಟೂಲಿನ ಮೇಲೆ ಕೂತಳು. ದಾರಕ್ಕೆ ಮೇಣ ಎಳೆದಳು.

"ಆರೂವರೆಗೆ ಬಸ್ಸು" ಎಂದಳು. "ಬೇಗ ಕೂಗು."

ಅಕ್ಕ ಇಪ್ಪತ್ತೆಂಟನ್ನು ಪಕ್ಕದ ಕುರ್ಚಿಗೆ ಎತ್ತಿಟ್ಟಳು. ಮೇಜಿನ ಮೇಲೆ ಒಂದೇ ಪುಸ್ತಕ ಉಳಿಯಿತು. ಒಂದೊಂದೇ ಫಾರಂ ಕೂಗುತ್ತ ಬಂದು, ಕೊನೆಯದನ್ನು ಎತ್ತಿಕೊಂಡಳು.

"ಇಪ್ಪತ್ತೇಳು, ಹದಿನೇಳು."

ಸೂಜಿ ಕನ್ನಡಕ ಸರಿಮಾಡಿಕೊಂಡು ಒಳಮೂಲೆಯ ಸಂಖ್ಯೆಯನ್ನು ಒಂದಲ್ಲ, ಎರಡು ಸಲ ನೋಡಿದಳು.

"ಸರಿ" ಎಂದು ಹೊಲಿಯತೊಡಗಿದಳು.