ಓವನ್ನಿನ ಸಿಂಗಾರ

ಆ ಬೇಕರಿಯ ಓವನ್ನಿಗೆ ಹೊಟ್ಟೆ ದೊಡ್ಡದು, ಬಾಯಿ ಮಾತ್ರ ನೆಟ್ಟಗೆ ಮುಚ್ಚುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಒಳಕೋಣೆಯ ಅರ್ಧ ಜಾಗ ನುಂಗಿ ಕುಳಿತ ಇಟ್ಟಿಗೆಯ ಮೈ. ಅದಕ್ಕೊಂದು ಕಬ್ಬಿಣದ ಬಾಗಿಲು. ಎಷ್ಟೋ ವರ್ಷಗಳ ಕಾವಿಗೆ ಬಾಗಿಲು ಸೊಟ್ಟಗಾಗಿ, ಮೇಲಿನ ಮೂಲೆಯಲ್ಲಿ ಎರಡು ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಒಳಗೆ ಕೆಂಪಗೆ ಕಾಯುವ ವಿದ್ಯುತ್ ಸುರುಳಿಗಳ ಬಿಸಿ ಆ ಸಂದಿನಿಂದ ಬುಸುಗುಟ್ಟುತ್ತ ಹೊರಗೆ ಬರುತ್ತಿತ್ತು, ತಿಂಗಳ ಕೊನೆಗೆ ಕರೆಂಟು ಬಿಲ್ಲಿನ ರೂಪ ತಾಳಿ ಮತ್ತೆ ಮನೆ ಹೊಗುತ್ತಿತ್ತು. ಒಳಗೊಬ್ಬ ರಕ್ಕಸ ಮಲಗಿದ್ದಾನೆ, ಎಷ್ಟು ಉಣಿಸಿದರೂ ಅವನಿಗೆ ತೇಗು ಬರುವುದಿಲ್ಲ ಎಂದು ಸೊಸೆಗೆ ಅನ್ನಿಸುತ್ತಿತ್ತು. ಅತ್ತೆಯ ಮುಂದೆ ಅವಳು ಹಾಗೆ ಅಂದದ್ದಿಲ್ಲ. ಅತ್ತೆಗೆ ಆ ಓವನ್ನು ರಕ್ಕಸನಲ್ಲ, ಹಿರಿಮಗ.

ಸೊಸೆ ಈ ಮನೆಗೆ ಬಂದಾಗ ಹಿಟ್ಟು ನಾದುವುದಿರಲಿ, ಹಿಟ್ಟಿಗೆ ನೀರು ಎಷ್ಟೆಂದೂ ತಿಳಿಯದವಳು. ಈಗ ಕಣ್ಣು ಮುಚ್ಚಿ ಬೆರಳಲ್ಲಿ ಒತ್ತಿದರೆ ಸಾಕು, ಹಿಟ್ಟು ಏನು ಹೇಳುತ್ತಿದೆಯೆಂದು ಗೊತ್ತಾಗುತ್ತಿತ್ತು. ಎಲ್ಲಿ ಹೋದರೂ ಕೈಕಾಲು ಎಲ್ಲಿಡಬೇಕೆಂದು ತಡಕಾಡುತ್ತಿದ್ದವಳಿಗೆ ಈ ಒಳಕೋಣೆಯೊಂದರಲ್ಲಿ ತನ್ನ ಕೈಗೇ ದಾರಿ ಗೊತ್ತಿತ್ತು. ಆದರೆ ಗಂಡ ಖಂಡತುಂಡವಾಗಿ ಹೇಳಿಬಿಟ್ಟಿದ್ದ: "ಈ ಬಿಲ್ಲು ಕಟ್ಟಿ ಕಟ್ಟಿ ನನ್ನ ಕೈ ಸೋತೋಯ್ತು. ಓವನ್ ಬದಲಾದ್ರೆ ಸರಿ, ಇಲ್ದಿದ್ರೆ ಈ ವರ್ಷಕ್ಕೇ ಬಾಗಿಲು ಹಾಕೋಣ. ದೊಡ್ಡ ಬ್ರೆಡ್ ಕಾರ್ಖಾನೆಯೋರು ಗಾಡಿ ಓಡಿಸೋಕೆ ಕರೀತಿದಾರೆ."

ಹಾಗಿರುವಾಗ ಸರ್ಕಾರದ ಹೊಸ ಯೋಜನೆಯ ಸುದ್ದಿ ಅವಳ ಕಿವಿಗೆ ಬಿತ್ತು. ಕರೆಂಟನ್ನು ವ್ಯರ್ಥವಾಗಿ ತಿನ್ನುವ ಹಳೆಯ ಯಂತ್ರವಿದ್ದರೆ, ಹೊಸದರ ಅರ್ಧ ಬೆಲೆ ಸಹಾಯಧನವಾಗಿ ಸಿಗುತ್ತದೆ. ಜೊತೆಗೆ ಚಾವಣಿಯ ಮೇಲೆ ಸೌರಫಲಕವನ್ನೂ ಕೂರಿಸಿಕೊಡುತ್ತಾರೆ. ಆದರೆ ಹಳೆಯದು ನಿಜಕ್ಕೂ ಸೋರುತ್ತದೆಯೆಂದು ಅವರ ಕಡೆಯವರು ಬಂದು ಅಳೆದು ನೋಡಬೇಕು. ಸೊಸೆ ಗಂಡನಿಂದ ರುಜು ಹಾಕಿಸಿ ಅರ್ಜಿ ಕೊಟ್ಟೇಬಿಟ್ಟಳು. ಅತ್ತೆಗೆ ಹೇಳಿದ್ದು ಆಮೇಲೆ.

"ನಾಲ್ಕು ಜನರ ಮುಂದೆ ನಮ್ಮನೆ ಹುಳುಕು ಎತ್ತಿ ತೋರಿಸಿ ದುಡ್ಡು ಇಸ್ಕೊಳ್ಳೋದಾ?" ಎಂದರು ಅತ್ತೆ, ತಟ್ಟೆಗೆ ಎಣ್ಣೆ ಸವರುವುದನ್ನು ನಿಲ್ಲಿಸದೆ.

"ಹುಳುಕಲ್ಲ ಅತ್ತೆ. ಹಳೇದಾಗಿದೆ ಅಷ್ಟೆ."

"ನಾನೂ ಹಳೇಳೇ. ನನ್ನೂ ಅಳೀತಾರಾ?"

ಸೊಸೆಗೆ ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ. ತಟ್ಟೆಗಳಿಗೆಲ್ಲ ಎಣ್ಣೆ ಸವರಿ ಮುಗಿಸಿ ಅತ್ತೆ, "ಬರ್ಲಿ ಬಿಡು" ಎಂದರು. ಒಪ್ಪಿದರು ಎಂದುಕೊಂಡು ಸೊಸೆ ನಿಟ್ಟುಸಿರು ಬಿಟ್ಟಳು. ಆ ಎರಡು ಮಾತಿನ ಹೊಟ್ಟೆಯಲ್ಲಿ ಏನಿದೆಯೆಂದು ಅವಳು ಇಣುಕಿ ನೋಡಲಿಲ್ಲ.

ಅಳೆಯುವವರು ಬರುವ ದಿನ ಬೆಳಗಿನ ಮೊದಲ ಸರದಿಯ ಬ್ರೆಡ್ಡು ಓವನ್ನಿನಿಂದ ಇಳಿಯಿತು. ಗಂಡ ಅದನ್ನು ಗಾಡಿಗೆ ತುಂಬಿಕೊಂಡು ಅಂಗಡಿಗಳಿಗೆ ಹಂಚಲು ಹೋದ. ಎರಡನೆಯ ಸರದಿಯ ಬನ್ನಿನ ಉಂಡೆಗಳು ತಟ್ಟೆಗಳಲ್ಲಿ ಒದ್ದೆಬಟ್ಟೆ ಹೊದ್ದು ಉಬ್ಬಲು ಕುಳಿತವು. ಸೊಸೆ ಬಸ್ ನಿಲ್ದಾಣಕ್ಕೆ ಹೋಗಿ, ಅಳತೆಯ ಹುಡುಗಿಯನ್ನು ಕರೆದುಕೊಂಡು ಬಂದಳು. ಹುಡುಗಿ ಹೆಗಲ ತುಂಬ ಚೀಲ ಹೊತ್ತಿದ್ದಳು. ಲಾಂಡ್ರಿ ಅಳೆದಿದ್ದೇನೆ, ಐಸ್ ಕಾರ್ಖಾನೆ ಅಳೆದಿದ್ದೇನೆ, ಬೇಕರಿ ಇದೇ ಮೊದಲು ಎಂದು ದಾರಿಯುದ್ದಕ್ಕೂ ಮಾತಾಡುತ್ತ ಬಂದಳು.

ಒಳಕೋಣೆಗೆ ಕಾಲಿಟ್ಟ ಸೊಸೆ ಅಲ್ಲೇ ನಿಂತುಬಿಟ್ಟಳು.

ಓವನ್ನು ಮದುವಣಗಿತ್ತಿಯಾಗಿತ್ತು! ಇಟ್ಟಿಗೆಯ ಬಿರುಕುಗಳಿಗೆಲ್ಲ ಜೇಡಿಮಣ್ಣು ತುಂಬಿ ನುಣುಪು ಮಾಡಿಯಾಗಿತ್ತು. ನೆತ್ತಿಯ ಮೇಲೆ ಗೋಣಿತಾಟುಗಳ ಹೊದಿಕೆ. ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಲಿನ ಸುತ್ತ ಹಿಟ್ಟಿನ ಹಗ್ಗ. ಹೊಸೆದು, ಸಂದು ಕಾಣದಂತೆ ಮೆತ್ತಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಚು ಕಟ್ಟಿದ್ದ ಆ ಹಗ್ಗ ಬಿಸಿಗೆ ಹೊಂಬಣ್ಣಕ್ಕೆ ತಿರುಗಿ ಕಲ್ಲಿನಂತೆ ಗಟ್ಟಿಯಾಗಿತ್ತು.

ಅದು ಆ ಬೇಕರಿಯ ಹಳೆಯ ಪದ್ಧತಿ. ವಾರದ ರಜೆಗೆ ಮುಂಚೆ, ಕೊನೆಯ ಬ್ರೆಡ್ಡು ತೆಗೆದ ಮೇಲೆ, ಉಳಿದ ಹಿಟ್ಟನ್ನು ಹೀಗೆ ಬಾಗಿಲಿಗೆ ಮೆತ್ತಿ ಓವನ್ನನ್ನು ಮಲಗಿಸುತ್ತಿದ್ದರು. ಬಿಸಿ ಒಳಗೇ ಉಳಿದು, ರಜೆ ಮುಗಿದ ಬೆಳಿಗ್ಗೆ ಬೇಗ ಕಾಯುತ್ತಿತ್ತು. ಒಮ್ಮೆ ಮೆತ್ತಿದರೆ, ಒಡೆಯದೆ ಬಾಗಿಲು ತೆರೆಯುವಂತಿಲ್ಲ. ಕೆಲಸದ ದಿನ, ಅದೂ ಎರಡನೆಯ ಸರದಿ ಕಾದಿರುವಾಗ, ಯಾವ ಬೇಕರಿಯವರೂ ಅದನ್ನು ಮೆತ್ತುವುದಿಲ್ಲ.

ಅತ್ತೆ ಒಗೆದ ಸೀರೆಯುಟ್ಟು, ತಲೆ ಬಾಚಿಕೊಂಡು, ಓವನ್ನಿನ ಪಕ್ಕ ಹೆಣ್ಣಿನ ಕಡೆಯವರಂತೆ ನಿಂತಿದ್ದರು.

"ಬಾಮ್ಮಾ, ಬಾ. ಏನು ಅಳೀಬೇಕೋ ಅಳ್ಕೊ. ನಮ್ದೇನೂ ಮುಚ್ಚಿಡೋದಿಲ್ಲ."

ಓವನ್ನು ಎಷ್ಟು ಕರೆಂಟು ಎಳೆಯುತ್ತದೆಂದು ಅಳೆಯುವ ಒಂದು ಕೊಕ್ಕೆಯನ್ನು ಹುಡುಗಿ ಮೀಟರಿನ ತಂತಿಗೆ ಸಿಕ್ಕಿಸಿದಳು. ಆಮೇಲೆ ಚೀಲದಿಂದ ಕ್ಯಾಮೆರಾ ತೆಗೆದಳು. ಅದು ಬಿಸಿಯನ್ನು ಬಣ್ಣವಾಗಿ ಕಾಣುವ ಕ್ಯಾಮೆರಾ: ತಂಪು ನೀಲಿ, ಕಾವು ಕೆಂಪು. ಸೊಸೆ ಹಿಂದಿನಿಂದ ಇಣುಕಿದಳು. ಪುಟ್ಟ ಪರದೆಯ ಮೇಲೆ ಓವನ್ನು ಬೆಳದಿಂಗಳಲ್ಲಿ ಮಿಂದ ಗುಡ್ಡದಂತೆ ನೀಲಿಯಾಗಿ, ಶಾಂತವಾಗಿ ಮಲಗಿತ್ತು. ಎಂಥ ಚೆಲುವು! ಅವಳು ಪರದೆಯಿಂದ ಕಣ್ಣು ಕಿತ್ತು ಅತ್ತೆಯ ಕಡೆ ನೋಡಿದಳು.

"ಪರವಾಗಿಲ್ವೇ," ಎಂದಳು ಹುಡುಗಿ. "ಇಷ್ಟು ಹಳೇ ಓವನ್ನು ಇಷ್ಟು ಚೆನ್ನಾಗಿ ಬಿಸಿ ಹಿಡ್ಕೊಂಡಿದೆ. ಕರೆಂಟೂ ಜಾಸ್ತಿ ಎಳೀತಿಲ್ಲ."

ಅತ್ತೆಯ ಮುಖ ಅರಳಿತು. "ನೂರಕ್ಕೆ ಎಷ್ಟು ಬಂತು?"

"ತುಂಬಾ ಚೆನ್ನಾಗೇ ಬಂದಿದೆ ಅಮ್ಮಾ. ಹೀಗೇ ಇದ್ರೆ..." ಹುಡುಗಿ ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಹೀಗೇ ಇದ್ರೆ ಸಹಾಯಧನ ಬರಲ್ಲ. ಸೋರೋ ಯಂತ್ರಕ್ಕೆ ಮಾತ್ರ ಅದು. ಈ ಬೀದಿಯ ಅಳತೆಗೆ ಇವತ್ತೇ ಕೊನೇ ದಿನ ಬೇರೆ."

ಎಷ್ಟೇ ತಗ್ಗಿಸಿದರೂ ಅತ್ತೆಗೆ ಕೇಳಿಸಿತು. ಅರಳಿದ ಮುಖ ಅರಳಿದ ಹಾಗೇ ಇತ್ತು, ಕಣ್ಣು ಮಾತ್ರ ಪಿಳಿಪಿಳಿ ಅಂದವು. ಪರೀಕ್ಷೆಯಲ್ಲಿ ಮೊದಲು ಬಂದದ್ದಕ್ಕೆ ಶಾಲೆಯಿಂದ ಹೊರಹಾಕುತ್ತಾರೆಂದರೆ ಯಾರಿಗೆ ತಾನೇ ಅರ್ಥವಾದೀತು?

"ಇನ್ನೂ ಸ್ವಲ್ಪ ಹೊತ್ತು ನೋಡ್ತೀನಿ," ಎಂದಳು ಹುಡುಗಿ. "ಕೆಲಸ ನಡೀತಿರೋವಾಗ್ಲೇ ಅಳೀಬೇಕು ಅಂತ ನಿಯಮ. ನೀವು ನಿಮ್ಮ ಪಾಡಿಗೆ ಬೇಯಿಸ್ತಾ ಇರಿ. ಇವತ್ತು ಇನ್ನೊಂದು ಸಲ ಬೇಯಿಸೋದು ಇಲ್ವಾ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ, "ಇಲ್ಲ, ಇವತ್ತಿನ ಕೆಲಸ ಮುಗೀತು" ಎಂದುಬಿಟ್ಟರು.

ಒಂದೇ ಒಂದು ಮಾತು ಸಾಕಿತ್ತು. ಅದು ಇವತ್ತು ಮೆತ್ತಿದ ಹಿಟ್ಟು, ದಿನಾ ಹೀಗಿರೋದಿಲ್ಲ ಎಂದರೆ ಮುಗಿಯಿತು. ಸೊಸೆಯ ನಾಲಿಗೆಯ ತುದಿಗೆ ಬಂದ ಆ ಮಾತು ಅಲ್ಲೇ ಅಂಟಿಕೊಂಡಿತು. ಈ ಮನೆಗೆ ಬಂದ ಹೊಸದರಲ್ಲಿ ಅವಳು ಕನಸು ಕಾಣುತ್ತ ನಿಂತು ಒಂದಿಡೀ ಸರದಿಯ ಬ್ರೆಡ್ಡನ್ನು ಕರಕಲು ಮಾಡಿದ್ದಳು. ಹೊರಗೆ ಜನ ಕಾಯುತ್ತಿದ್ದರು. ಅತ್ತೆ ಗಲ್ಲಾದ ಹತ್ತಿರ ಹೋಗಿ, "ನನ್ನ ಕಣ್ಣು ತಪ್ಪೋಯ್ತು ಕಣ್ರಪ್ಪಾ" ಎಂದಿದ್ದರು, ಆಮೇಲೆ ಆ ವಿಷಯ ಎತ್ತಿದ್ದೇ ಇಲ್ಲ. ಅಂಥವರನ್ನು ಹೊರಗಿನವಳ ಎದುರು ಸುಳ್ಳಿಯಾಗಿ ನಿಲ್ಲಿಸುವುದು ಹೇಗೆ? ಹಾಗೆಂದು ಸುಮ್ಮನಿದ್ದರೆ, ಈ ಕೋಣೆಯೇ ಕೈಬಿಟ್ಟು ಹೋಗುತ್ತದಲ್ಲ?

ಅವಳು ಸುಮ್ಮನೆ ಮೂಲೆಗೆ ಹೋಗಿ ತಟ್ಟೆಗಳ ಮೇಲಿನ ಒದ್ದೆಬಟ್ಟೆ ಎತ್ತಿದಳು. ಬನ್ನಿನ ಉಂಡೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು, ತಟ್ಟೆಯ ಅಂಚು ಮೀರಿ, ತೊಟ್ಟಿಲಲ್ಲಿ ಒತ್ತಾಗಿ ಮಲಗಿದ ಮಕ್ಕಳಂತೆ ಉಸಿರಾಡುತ್ತಿದ್ದವು.

"ಅತ್ತೆ," ಎಂದಳು, "ಹಿಟ್ಟು ಉಬ್ಬಿ ಬಂದಿದೆ."

"ಇರ್ಲಿ."

"ಸರಿ ಅತ್ತೆ."

ಅವಳು ಬಟ್ಟೆಯನ್ನು ಮತ್ತೆ ಹೊದಿಸಲಿಲ್ಲ. ತಟ್ಟೆಗಳನ್ನು ಒಂದೊಂದಾಗಿ ತಂದು ಓವನ್ನಿನ ಎದುರಿನ ಮೇಜಿನ ಮೇಲೆ, ಅತ್ತೆಯ ಕಣ್ಣಿಗೆ ಬೀಳುವಂತೆ ಇಟ್ಟಳು. ಹುಡುಗಿ ಮೀಟರು ನೋಡುತ್ತಿದ್ದಳು. ಅತ್ತೆ ಗೋಡೆ ನೋಡಿದರು, ಸೂರು ನೋಡಿದರು, ಉಗುರು ನೋಡಿಕೊಂಡರು. ಕೊನೆಗೆ ತಡೆಯಲಾಗದೆ ಕೈ ಚಾಚಿ ಒಂದು ಉಂಡೆಯನ್ನು ಬೆರಳಲ್ಲಿ ಒತ್ತಿದರು. ಕುಳಿ ಬಿತ್ತು. ಸಾವಕಾಶವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಮೇಲೆದ್ದಿತು. ಅದರರ್ಥ ಇಬ್ಬರಿಗೂ ಗೊತ್ತಿತ್ತು: ಇನ್ನು ಕಾಯಲಾರೆ, ಕಾಯಿಸಿದರೆ ಕುಸಿದು ಹುಳಿ ಬರುತ್ತೇನೆ.

ಅಷ್ಟರಲ್ಲಿ ಹೊರಗೆ ಗಲ್ಲಾದ ಬಳಿ ಸದ್ದಾಯಿತು. ಎದುರಂಗಡಿಯ ದರ್ಜಿ, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದಿದ್ದ. ಅವನ ಹಿಂದೆ ಇನ್ನೂ ನಾಲ್ಕಾರು ಜನ.

"ಅಕ್ಕಾ! ಬನ್ನು ಆಯ್ತಾ? ಇಲ್ಲಾಂದ್ರೆ ಹೇಳಿ, ಅಂಗಡಿಗೆ ಹೋಗಿ ಗುಂಡೀನೇ ಅಗೀತೀನಿ."

"ಗುಂಡಿ ಅಗಿಯೋಕೆ ಹಲ್ಲು ಬೇಕಲ್ಲೋ," ಎಂದು ಅತ್ತೆ ಅಭ್ಯಾಸಬಲದಿಂದ ಒಳಗಿನಿಂದಲೇ ಕೂಗಿದರು.

"ಅದಕ್ಕೇ ತಾನೇ ನಿಮ್ಮ ಬನ್ನಿಗೆ ಕಾದಿರೋದು! ಇವತ್ತು ಇಲ್ವಾ ಹಾಗಾದ್ರೆ?"

ಅತ್ತೆ ಇಷ್ಟು ವರ್ಷಗಳಲ್ಲಿ ಕಾದವರಿಗೆ ಇಲ್ಲವೆಂದು ಹೇಳಿ ಕಳಿಸಿದ್ದಿಲ್ಲ. ಓವನ್ನಿನ ಹೊಂಬಣ್ಣದ ಅಂಚನ್ನು ಒಮ್ಮೆ ನೋಡಿದರು, ಉಬ್ಬಿದ ತಟ್ಟೆಗಳನ್ನು ಒಮ್ಮೆ ನೋಡಿದರು. ಸೊಸೆಯನ್ನೂ ನೋಡಿದರು. ಸೊಸೆ ತಲೆ ತಗ್ಗಿಸಿ, ಮೊದಲ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ನಿನ್ನ ಈ ಮೌನ ಇದೆಯಲ್ಲ," ಎಂದರು ಅತ್ತೆ ಮೆಲ್ಲಗೆ, "ಬೈಗುಳಕ್ಕಿಂತ ಜೋರು."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಟ್ಟು ಕೆರೆಯುವ ತಗಡನ್ನು ಕೈಗೆತ್ತಿಕೊಂಡು ಬಾಗಿಲಿನ ಅಂಚಿಗೆ ಒಂದೇಟು ಹಾಕಿದರು. ಗಟ್ಟಿಯಾದ ಹಿಟ್ಟು ಚಕ್ಕೆ ಚಕ್ಕೆಯಾಗಿ ನೆಲಕ್ಕುದುರಿತು. ಹುಡುಗಿ ಬೆಚ್ಚಿ ತಿರುಗಿದಳು.

"ಅಯ್ಯೋ, ಅಮ್ಮಾ! ಓವನ್ ಒಡೀತಿದೀರಾ?"

"ಓವನ್ನಲ್ಲ, ಅದರ ಒಡವೆ," ಎಂದರು ಅತ್ತೆ. "ನೀನು ಬರ್ತೀಯ ಅಂತ ಮೆತ್ತಿದ್ದೆ. ಬಂದೋರ ಮುಂದೆ ಹರಕು ಹಾಸ್ತಾರಾ ಯಾರಾದ್ರೂ? ದಿನಾ ಇದಿರಲ್ಲ. ಕೆಲಸ ಮುಗೀತು ಅಂದಿದ್ದೂ ಸುಳ್ಳು. ಬಾ ಈ ಕಡೆ, ಈಗ ಅಳಿ."

ಗೋಣಿತಾಟು ಎಳೆದು ಹಾಕಿದರು. ಮಣ್ಣನ್ನು ಕೆರೆದು ತೆಗೆದರು. ಬಾಗಿಲು ಕಿರ್ರೆಂದು ತೆರೆಯಿತು, ತಟ್ಟೆಗಳು ಒಳಗೆ ಹೋದವು, ಬಾಗಿಲು ತನ್ನ ಸೊಟ್ಟ ಬಾಯಿಯನ್ನು ಆದಷ್ಟು ಮುಚ್ಚಿಕೊಂಡಿತು. ಬಿಸಿ ಬುಸ್ಸೆಂದು ಕೋಣೆಗೆ ನುಗ್ಗಿತು. ಹುಡುಗಿ ಕೊಕ್ಕೆಯ ಮೀಟರನ್ನು ಹೊಸದಾಗಿ ಶುರುಮಾಡಿ, ಕ್ಯಾಮೆರಾ ಎತ್ತಿ ಹಿಡಿದಳು. "ಅಬ್ಬಬ್ಬಾ!" ಎಂದಳು.

"ಏನದು? ನನಗೂ ತೋರ್ಸು."

ಹುಡುಗಿ ಸೆರೆಹಿಡಿದ ಚಿತ್ರವನ್ನು ಅತ್ತೆಯ ಕಡೆ ತಿರುಗಿಸಿದಳು. ಪರದೆಯ ಮೇಲೆ ನೀಲಿಯ ಗುಡ್ಡ ಮಾಯವಾಗಿತ್ತು. ಬಾಗಿಲಿನ ಮೂಲೆಯಿಂದ ಕೆಂಪು, ಹಳದಿ, ಕಣ್ಣು ಕುಕ್ಕುವ ಬಿಳುಪು ಹೊಳೆಯಾಗಿ ಸುರಿದು ಗೋಡೆಗೆ ಹರಡಿತ್ತು. ಆ ಹೊಳೆಗೆ ಪಕ್ಕೆಯೊಡ್ಡಿ ಒಂದು ಆಕೃತಿ ನಿಂತಿತ್ತು. ಅದರ ಬಲಗೈ, ಬಲಭುಜ, ಬಲಗೆನ್ನೆ ಎಲ್ಲ ಕೆಂಡದ ಬಣ್ಣ.

"ಇದ್ಯಾರು, ಅರ್ಧ ಮೈ ಸುಟ್ಕೊಂಡಿರೋಳು?"

"ನೀವೇ ಅಮ್ಮಾ. ಓವನ್ನಿಂದ ಸೋರಿದ್ದು ಅರ್ಧ ಗೋಡೆಗೆ, ಅರ್ಧ ನಿಮ್ಮ ಮೈಗೆ."

ಅತ್ತೆ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಎಡಗೈಗಿಂತ ಅದು ಕಪ್ಪಗಾಗಿ ಒಣಗಿದ್ದು ಮನೆಯವರಿಗೆಲ್ಲ ಗೊತ್ತಿತ್ತು. ವಯಸ್ಸಾಯಿತೆಂದೇ ಎಲ್ಲರೂ ಅಂದುಕೊಂಡಿದ್ದರು. ಸೊಸೆ ಮುಂದೆ ಬಂದು, ಅತ್ತೆಯನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಬಾಗಿಲಿನ ಬಳಿ ತಾನು ನಿಂತಳು. ಈ ಒಂದು ಸಲ ಅತ್ತೆ ಸರಿದರು.

ಬನ್ನು ಬೇಯುವವರೆಗೂ ಹುಡುಗಿ ಅಳೆದಳು. ತಟ್ಟೆ ಹೊರಬಂದು ಇನ್ನೊಂದು ಒಳಹೋಗುವಾಗಲೂ ಅಳೆದಳು. ಕೊನೆಗೆ ಕೊಕ್ಕೆ ಬಿಡಿಸಿ ಹೇಳಿದಳು: "ಆಗ ನೋಡಿದ್ದು ಲೆಕ್ಕಕ್ಕಿಲ್ಲ, ಕೆಲಸದ ಹೊತ್ತಿನದ್ದಷ್ಟೇ ಲೆಕ್ಕ. ನಿಮಗೆ ಸಿಗುತ್ತೆ ಅಕ್ಕಾ. ಓವನ್ನೂ, ಚಾವಣಿ ಮೇಲಿಂದೂ."

ಸೊಸೆ ಹಿಟ್ಟಿನ ಚೀಲದ ಮೇಲೆ ಧೊಪ್ಪೆಂದು ಕುಳಿತಳು. ಹಿಟ್ಟು ಮೋಡವಾಗಿ ಎದ್ದು ಅವಳ ತಲೆಯ ಮೇಲೆಲ್ಲ ಕೂತಿತು.

ಅತ್ತೆ ಮಾತ್ರ ಹುಡುಗಿಯನ್ನು ಬಿಡಲಿಲ್ಲ. "ಒಂದು ಕೇಳ್ತೀನಿ, ಸತ್ಯ ಹೇಳ್ಬೇಕು. ಇಷ್ಟು ಸೋರೋದನ್ನ ಬೇರೆ ಎಲ್ಲಾದ್ರೂ ನೋಡಿದೀಯಾ?"

"ಒಂದು ಲಾಂಡ್ರಿ ಇತ್ತು, ಅದೂ ಭಾರಿ ಸೋರ್ತಿತ್ತು."

"ನಮ್ಮಷ್ಟಾ?"

"ನಿಮ್ಮಷ್ಟಿಲ್ಲ," ಎಂದು ಹುಡುಗಿ ನಕ್ಕಳು.

ಅತ್ತೆ ತಲೆಯಾಡಿಸಿದರು. ಬಿಸಿಬನ್ನು ತುಂಬಿದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಹೊರಗೆ ಹೋದರು.

"ಏನಕ್ಕಾ, ಒಳಗೆ ಅಷ್ಟು ಗಲಾಟೆ? ಸರ್ಕಾರದೋರು ಏನಂದ್ರು?" ದರ್ಜಿಯ ದನಿ.

"ಏನಂತಾರೆ? ಅವರು ಅಳೆದಿದ್ದರಲ್ಲೆಲ್ಲ ನಮ್ಮ ಓವನ್ನೇ ಮೊದಲು ಅಂದ್ರು."

"ಹೌದಾ! ಯಾವುದ್ರಲ್ಲಿ?"

"ಸೋರೋದ್ರಲ್ಲಿ," ಎಂದರು ಅತ್ತೆ, ಬೀದಿಯ ಆ ತುದಿಗೂ ಕೇಳಿಸುವ ಹಾಗೆ. ಆಮೇಲೆ ಒಳಕ್ಕೆ ತಿರುಗಿ ಸೊಸೆಯನ್ನು ಕೂಗಿದರು: "ಏಯ್, ಕೂತ್ಕೊಂಡು ಕನಸು ಕಾಣ್ತಿದೀಯೇನೆ? ಒಳಗಿರೋ ತಟ್ಟೆ ನೋಡು. ಸೀದ್ರೆ ಈ ಸಲ ನಿನ್ನ ಹೆಸ್ರೇ ಹೇಳ್ತೀನಿ!"

ಸೊಸೆ ಹಿಟ್ಟು ಕೊಡವಿಕೊಂಡು ಎದ್ದಳು.