ನೋಣಯ್ಯ ಕೊಟ್ಟ ಬೈಟ್

“ಆ ನಲ್ಲಿ ಮುಟ್ಬೇಡ ಅಂತ ಹೇಳಿದ್ದಲ್ವಾ ಬೇವರ್ಸಿ! ನಮ್ಮ ಮಕ್ಕಳು ಕೈ ತೊಳೆಯುವ ನಲ್ಲಿ ಅದು!”

ನೋಣಯ್ಯ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಮೊಣಕೈಯವರೆಗೆ ಹೇಲು ಬೆರೆತ ಕೆಸರು ಮೆತ್ತಿತ್ತು. ಮಂಗಳೂರಿನ ಬೋಳಾರದ ಆ ಫ್ಲ್ಯಾಟಿನ ಹಿತ್ತಲಲ್ಲಿ ಕಕ್ಕಸಿನ ಗುಂಡಿ ತುಂಬಿ ಉಕ್ಕಿ ಹರಿದಿತ್ತು. ಬೆಳಗಿನಿಂದ ಅವನೂ ಅವನ ತಂಗಿಯ ಮಗ ಮುಖೇಶನೂ ಬಕೆಟಿನಲ್ಲಿ ಮೊಗೆದು ಡ್ರಮ್ಮಿಗೆ ಸುರಿಯುತ್ತಿದ್ದರು. ಬಾಯಿ ಒಣಗಿತ್ತು. ಕೈ ತೊಳೆದು ಒಂದು ಗುಟುಕು ಕುಡಿಯೋಣವೆಂದು ಬಂದಿದ್ದ, ಅಷ್ಟೆ.

ಬಾಲ್ಕನಿಯಲ್ಲಿದ್ದ ಡೆರಿಲ್ ಮತ್ತೆ ಬೈಯಲಿಲ್ಲ. ಫೋನೆತ್ತಿ ನಲ್ಲಿಯದೂ ನೋಣಯ್ಯನದೂ ಸೇರಿಸಿ ಒಂದು ಫೋಟೋ ತೆಗೆದ. ಮರುಕ್ಷಣವೇ ಗುಂಡಿಯಾಚೆ ಕರವಸ್ತ್ರದಲ್ಲಿ ಮೂಗು ಮುಚ್ಚಿ ನಿಂತಿದ್ದ ಕಂಟ್ರಾಕ್ಟರ್ ಜಯಕರನ ಜೇಬಿನಲ್ಲಿ ‘ಟಿಂಗ್’ ಎಂದಿತು. ಫ್ಲ್ಯಾಟಿನವರ ವಾಟ್ಸಾಪ್ ಗ್ರೂಪಿಗೆ ಅವನನ್ನೂ ಸೇರಿಸಿದ್ದರು.

“ಎಂತದಾ ನಿನ್ನ ಕತೆ?” ಜಯಕರ ಫೋನು ನೋಡಿ ರೇಗಿದ. “ಫೋಟೋ ಬಂದಾಯ್ತು ಗ್ರೂಪಿಗೆ. ನಿಮ್ಮನ್ನು ಕಾಂಪೌಂಡಿನ ಒಳಗೆ ಬಿಟ್ಟದ್ದೇ ದೊಡ್ಡದು, ಇವನಿಗೆ ನಲ್ಲಿ ನೀರು ಬೇಕು! ಸಂಜೆ ಒಳಗೆ ಕ್ಲೀನ್ ಆಗ್ದಿದ್ರೆ ನನ್ನ ಮಾನ ತೆಗೀತಾರೆ ಇವರು. ಅಡಿಯಲ್ಲಿ ಗಟ್ಟಿ ಕೂತಿದೆ. ಒಬ್ಬ ಇಳೀರಿ.”

ಹೀರುವ ಮೆಶಿನ್ ಲಾರಿ ಆ ಓಣಿಯಲ್ಲಿ ತಿರುಗುತ್ತಿರಲಿಲ್ಲ. ಮುಖೇಶ ಬಕೆಟ್ ಕೆಳಗಿಟ್ಟ.

“ಇಳಿಲಿಕ್ಕಿಲ್ಲ ಧನಿ. ಒಳಗೆ ಗ್ಯಾಸ್ ಇರ್ತದೆ. ಇಳಿಸಬಾರ್ದು ಅಂತ ಕಾನೂನು ಉಂಟು.”

“ಕಾನೂನು ನಿನ್ನ ಮೊಬೈಲಿಗೆ ಬಂತಾ? ಹಾಗಾದ್ರೆ ಹೋಗು. ಮಾಮನೂ ಅಳಿಯನೂ ನಾಳೆಯಿಂದ ಬರ್ಬೇಡಿ. ನಿಮ್ಮ ಕಾಲನಿಯ ಒಂದು ನಾಯಿಯೂ ಬರ್ಬೇಡಿ.”

ಮುಖೇಶ ಮಾಮನ ಮುಖ ನೋಡಿದ. ನೋಣಯ್ಯ ನೆಲ ನೋಡಿದ.

ಇಳಿಯುವ ಮೊದಲು ಜಯಕರ ಕಾರಿನಿಂದ ಗ್ಲೌಸು, ಗಂಬೂಟು ತರಿಸಿ ಇಬ್ಬರಿಗೂ ಹಾಕಿಸಿದ. ಗುಂಡಿಯ ಅಂಚಿನಲ್ಲಿ ಬಕೆಟ್ ಹಿಡಿಸಿ ನಿಲ್ಲಿಸಿ ಫೋಟೋ ತೆಗೆದು ಗ್ರೂಪಿಗೆ ಹಾಕಿದ. ಆಮೇಲೆ ಎಲ್ಲವನ್ನೂ ಬಿಚ್ಚಿಸಿ ಕಾರಿನ ಡಿಕ್ಕಿಯೊಳಗೆ ಇಡಿಸಿದ. “ಇಳಿಯುವ ಫೋಟೋ ಯಾರೂ ತೆಗೀಬಾರ್ದು,” ಅಂದ.

“ನಿಮಗೆ ಕೆಮ್ಮು ಉಂಟು ಮಾಮ. ನೀವು ಬಕೆಟಿನ ಹಗ್ಗ ಹಿಡೀರಿ,” ಎಂದು ಮುಖೇಶ ಅಂಗಿ ಬಿಚ್ಚಿ ಇಳಿದ.

ಮೊದಲ ಬಕೆಟ್ ತುಂಬಿ ಮೇಲೆ ಬಂತು. ಎರಡನೆಯದಕ್ಕೆ ಹಗ್ಗ ಸಡಿಲವಾಗಿಯೇ ಉಳಿಯಿತು. ನೋಣಯ್ಯ ಕರೆದ. ಬಗ್ಗಿ ನೋಡಿದರೆ ಕರಿ ಕೆಸರಿನ ಮೇಲೆ ಹುಡುಗನ ಬೆನ್ನು ಮಾತ್ರ ಕಾಣುತ್ತಿತ್ತು. ಕಬ್ಬಿಣದ ಮೆಟ್ಟಿಲು ಹಿಡಿದು ಅರ್ಧ ಇಳಿಯುವಷ್ಟರಲ್ಲಿ ಮೂಗಿಗೆ ಬೆಂಕಿ ಇಟ್ಟ ಹಾಗಾಗಿ ಕಣ್ಣು ಕತ್ತಲೆಗಟ್ಟಿತು. ಹೇಗೆ ಮೇಲೆ ಬಂದನೋ ಅವನಿಗೇ ತಿಳಿಯಲಿಲ್ಲ. ಅಂಚಿನಲ್ಲಿ ಬಿದ್ದುಕೊಂಡೇ ಬೊಬ್ಬೆ ಹಾಕಿದ.

ಜನ ಬಂದರು. ಬಾಲ್ಕನಿಗಳು ತುಂಬಿದವು, ಕಾಂಪೌಂಡ್ ತುಂಬಿತು. ಎಲ್ಲರ ಕೈಯಲ್ಲೂ ಫೋನಿತ್ತು, ಎಲ್ಲವೂ ಗುಂಡಿಯ ಕಡೆಗೇ ಇದ್ದವು. ಕೆಳಗೆ ಬಂದ ಡೆರಿಲ್ ಮುಂದೆಯೇ ನಿಂತಿದ್ದ. ನೋಣಯ್ಯ ತೆವಳಿ ಹೋಗಿ ಅವನ ಕಾಲು ಹಿಡಿದ.

“ಆಂಬುಲೆನ್ಸಿಗೆ ಮಾಡಿ ಸಾರ್. ಒಂದು ಫೋನ್ ಮಾಡಿ!”

“ಬಿಡಾ, ಮುಟ್ಬೇಡ! ಲೈವ್ ಹೋಗ್ತಾ ಉಂಟು, ಕಟ್ ಆಗ್ತದೆ. ಬೇರೆ ಯಾರಾದ್ರೂ ಮಾಡಿ ಮಾರಾಯ್ರೆ!”

ಬೇರೆಯವರೂ ಪಕ್ಕದವರು ಮಾಡಿಯಾರೆಂದು ಪಕ್ಕಕ್ಕೆ ನೋಡಿದರು. ಜಯಕರ ಮೆಲ್ಲನೆ ಗೇಟಿನ ಕಡೆ ಸರಿಯುವುದು ನೋಣಯ್ಯನಿಗೆ ಕಂಡಿತು.

“ಇಳಿಸಿದ್ದು ನೀನು! ಬೇಡ ಅಂದ್ರೂ ಇಳಿಸಿದ್ದು ನೀನು ಸೂಳೆಮಗ!”

ಫೋನುಗಳೆಲ್ಲ ಜಯಕರನ ಕಡೆ ತಿರುಗಿದವು.

ಕೊನೆಗೆ ಯಾರೋ ಕರೆದು ಅಗ್ನಿಶಾಮಕದವರು ಬಂದರು. ಹುಡುಗನನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸಿ ಎದೆ ಒತ್ತಿ ನೋಡಿ ಇಲ್ಲವೆಂದು ತಲೆಯಾಡಿಸಿದರು. ಆಗ ಕರಿ ಅಂಗಿಯ ಗಡ್ಡದವನೊಬ್ಬ ನೋಣಯ್ಯನ ಬಾಯಿಗೆ ಮೈಕು ಹಿಡಿದ. ‘ಕಡಲಕಣ್ಣು’ ಎಂಬ ವೆಬ್ ಚಾನೆಲಿನ ದೀಕ್ಷಿತ್.

“ನಿಮಗೀಗ ಏನನ್ನಿಸ್ತಾ ಉಂಟು? ಒಂದು ಬೈಟ್ ಕೊಡಿ. ಬೈಟ್ ಅಂದ್ರೆ ಎರಡು ಮಾತು, ಅಷ್ಟೇ.”

ನೋಣಯ್ಯ ಅಳಿಯನ ಮುಖದ ಕೆಸರನ್ನು ತನ್ನ ಅಂಗಿಯಲ್ಲಿ ಒರೆಸುತ್ತಿದ್ದ.

ಮುಖೇಶನ ತಾಯಿಗೆ, ತಂಗಿ ಮುದ್ದುವಿಗೆ, ಹೇಳಬೇಕಿತ್ತು. ಅವಳು ಬೈಕಂಪಾಡಿಯ ಮೀನು ಕತ್ತರಿಸುವ ಫ್ಯಾಕ್ಟರಿಯಲ್ಲಿದ್ದಳು. ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಮೊದಲು ‘ಹುಷಾರಿಲ್ಲ’ ಅನ್ನುವುದು. ಮನೆಗೆ ಕರೆದುಕೊಂಡು ಹೋಗುವುದು. ನೀರು ಕುಡಿಸುವುದು. ಆಮೇಲೆ ಮೆಲ್ಲನೆ.

ಫ್ಯಾಕ್ಟರಿಯ ಗೇಟಿನೊಳಗೆ ಮುದ್ದು ನೆಲದ ಮೇಲೆ ಕೂತಿದ್ದಳು. ಸುತ್ತ ಹೆಂಗಸರು ನಿಂತಿದ್ದರು. ಕೈಯಲ್ಲಿ ಯಾರದೋ ಫೋನು, ಅದರಲ್ಲಿ ಹುಲ್ಲಿನ ಮೇಲೆ ಮಲಗಿದ್ದ ಮುಖೇಶ. ಅದಕ್ಕೆ ಯಾರೋ ತಾಯಿಯ ಹಾಡೊಂದನ್ನು ಅಂಟಿಸಿ ಬಿಟ್ಟಿದ್ದರು. ಊಟದ ಹೊತ್ತಿಗೆ ಪಕ್ಕದ ಟೇಬಲಿನವಳು ‘ಅಯ್ಯೋ ಪಾಪ, ಯಾರೋ ಹುಡುಗ ನೋಡಿ’ ಎಂದು ಅವಳ ಮುಂದೆ ಹಿಡಿದದ್ದಂತೆ.

“ಹೇಳ್ಲಿಕ್ಕೆ ಬಂದದ್ದಾ ಅಣ್ಣ?” ಮುದ್ದು ತಲೆ ಎತ್ತಲಿಲ್ಲ. “ಊರೆಲ್ಲ ನೋಡಿ ಆಯ್ತು. ಇಗ, ಇಲ್ಲಿ ನೋಡು. ಎತ್ತುವಾಗ ಇವನ ಕೈ ಅಲ್ಲಾಡ್ತದಲ್ಲ? ಜೀವ ಇತ್ತಲ್ಲ ಆಗ? ಸರೀ ನೋಡು.”

ಹಾಡು ಮುಗಿದು ತಾನಾಗಿ ಮತ್ತೆ ಮೊದಲಿನಿಂದ ಹತ್ತಿಕೊಂಡಿತು. ಮತ್ತೆ ಆ ಕೈ ತೂಗಿತು. “ಎನ್ನ ಬಾಲೇ, ನನ್ನ ಮಗುವೇ,” ಎಂದು ಮುದ್ದು ಫೋನನ್ನು ಎದೆಗೊತ್ತಿಕೊಂಡಳು. ಫೋನಿನ ಒಡತಿ ಕೊಡು ಎನ್ನಲಾರದೆ ಸುಮ್ಮನೆ ನಿಂತಿದ್ದಳು.

ಡೆರಿಲನ ಲೈವನ್ನು ಮಂಗಳೂರೆಲ್ಲ ನೋಡಿತು. ನೋಣಯ್ಯ ಜಯಕರನಿಗೆ ಬೈದದ್ದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಪೊಲೀಸರು ಕೇಸು ಬರೆದುಕೊಂಡರು. ಕಾಲನಿಯಲ್ಲಿ ಜನ ನೋಣಯ್ಯನ ಭುಜ ತಟ್ಟಿದರು. ಹೆಣ ಸುಟ್ಟ ಮರುದಿನ ಜಯಕರನ ಕಾರು ಬಂತು. “ಒಂದು ಮಾತಿಗೆ ಬಾ” ಎಂದು ಜಯಕರನ ಆಳುಗಳು ನೋಣಯ್ಯನನ್ನು ಕೂರಿಸಿಕೊಂಡು ಹೋದರು. ಡಿಕ್ಕಿಯೊಳಗಲ್ಲ, ಸೀಟಿನ ಮೇಲೆಯೇ; ಆದರೆ ಸೀಟಿಗೆ ಪೇಪರ್ ಹಾಸಿದ್ದರು.

ಜಯಕರನ ಆಫೀಸಿನಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಫೋನು ನಿಲ್ಲಿಸಿ ದೀಕ್ಷಿತ್ ಕಾಯುತ್ತಿದ್ದ.

“ಇಲ್ಲಿ ನೋಡಾ,” ಜಯಕರ ಅವನ ಗಲ್ಲ ಹಿಡಿದು ಫೋನಿನ ಕಡೆ ತಿರುಗಿಸಿದ. “ಮುಖೇಶ ಕುಡಿದಿದ್ದ, ಯಾರೂ ಹೇಳದೆ ತಾನಾಗಿ ಇಳಿದ, ನಾನು ದುಃಖದಲ್ಲಿ ಧನಿಗೆ ಬೈದೆ. ಇಷ್ಟು ಹೇಳು. ಹೇಳ್ದಿದ್ರೆ ಗೊತ್ತುಂಟಲ್ಲ? ನಿನ್ನ ಕಾಲನಿಯಲ್ಲಿ ಯಾರ ಮನೆಯ ಒಲೆಯೂ ಉರಿಯದ ಹಾಗೆ ಮಾಡ್ತೇನೆ.”

ನೋಣಯ್ಯನಿಗೆ ಅರುವತ್ತರ ಹತ್ತಿರ ವಯಸ್ಸು. ಅಷ್ಟು ವರ್ಷಗಳಲ್ಲಿ ಅವನ ಮಾತನ್ನು ನಿಂತು ಕೇಳಿದವರಿಲ್ಲ. ಕಾರ್ಪೊರೇಷನ್ನಿನಲ್ಲಿ ಗೇಟಿನ ಹೊರಗೆ, ಠಾಣೆಯಲ್ಲಿ ಬೆಂಚಿನ ಕೆಳಗೆ. ಈಗ ಗಂಟಲಿನ ಹತ್ತಿರವೇ ಮೈಕು ಇತ್ತು. ಇದನ್ನು ಊರೇ ನೋಡುತ್ತದೆ ಎಂದು ಅವರೇ ಹೇಳುತ್ತಿದ್ದರು. ಅವನು ಫೋನನ್ನೇ ನೋಡಿ ಹೇಳಿದ:

“ನನ್ನ ಅಳಿಯ ಮುಖೇಶ ಕುಡಿದಿದ್ದ, ತಾನಾಗಿ ಇಳಿದ, ಧನಿಯದ್ದು ಎಂತ ತಪ್ಪೂ ಇಲ್ಲ, ಹಾಗೆ ನಾನು ಹೇಳ್ಬೇಕಂತೆ. ನಾನು ಹೇಳುದಿಲ್ಲ. ಅವ ಹನಿ ಮುಟ್ಟಿದವ ಅಲ್ಲ. ಇಳಿಲಿಕ್ಕಿಲ್ಲ ಅಂದ. ಕೆಲಸ ತೆಗೀತೇನೆ ಅಂತ ಹೆದರಿಸಿ ಇಳಿಸಿದ್ದು ಈ ಜಯಕರ. ಕೊಂದದ್ದು ಇವ.”

“ಬೋಳಿಮಗನೆ!” ಜಯಕರ ಕೈ ಎತ್ತಿದ.

ದೀಕ್ಷಿತ್ ನಗುತ್ತ ಅವನ ಕೈ ತಡೆದ. “ಬಿಡಿ ಜಯಕರಣ್ಣ, ಸಾಕು. ಚಂದ ಬಂತು. ನೀನು ಹೋಗು ನೋಣಯ್ಯ.”

ಅಷ್ಟು ಸುಲಭದಲ್ಲಿ ಬಿಟ್ಟರಲ್ಲ ಎಂದು ನೋಣಯ್ಯನಿಗೆ ಆಶ್ಚರ್ಯವಾಯಿತು. ನಡೆದೇ ಮನೆಗೆ ಬಂದ. ತಂಗಿಯ ಜಗಲಿಯಲ್ಲಿ ಕೂತು ಹೇಳಿದ: “ಹೇಳಿದೆ ಮುದ್ದು. ಅವನ ಎದುರಿಗೇ ಹೇಳಿದೆ.” ಮಗ ಸತ್ತ ಮೇಲೆ ಮೊದಲ ಬಾರಿ ಮುದ್ದು ಅಣ್ಣನ ಕೈಗೆ ಚಹಾ ಕೊಟ್ಟು ಎದುರಿಗೆ ಕೂತಳು.

ಮರುದಿನ ಮುಖೇಶನ ತಂಗಿ ಮೋಕ್ಷಾ ಒಳಗಿನಿಂದ ಜಗಲಿಗೆ ಫೋನು ಹಿಡಿದುಕೊಂಡು ಬಂದಳು. ಪಂಪ್‌ವೆಲ್ಲಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ.

“ಮಾಮ, ಇದು ನಿಮ್ಮ ಸ್ವರ ಅಲ್ವಾ?”

‘ಗುಂಡಿ ದುರಂತಕ್ಕೆ ಹೊಸ ತಿರುವು. ಸತ್ಯ ಬಾಯಿಬಿಟ್ಟ ಸೋದರಮಾವ’ ಎಂದು ಮೇಲೆ ಬರೆದಿತ್ತು. ಕೆಳಗೆ ನೋಣಯ್ಯನ ಮುಖ. ನೋಣಯ್ಯನ ಗಂಟಲು.

“ನನ್ನ ಅಳಿಯ ಮುಖೇಶ ಕುಡಿದಿದ್ದ, ತಾನಾಗಿ ಇಳಿದ, ಧನಿಯದ್ದು ಎಂತ ತಪ್ಪೂ ಇಲ್ಲ.”

ಅಷ್ಟೆ. ಮುಗಿಯಿತು. ಮತ್ತೆ ಮೊದಲಿನಿಂದ ಹತ್ತಿಕೊಂಡಿತು.

“ನನ್ನದೇ ಸ್ವರ… ಅದು… ಆಮೇಲೆ ಉಂಟು, ಮಗಾ. ಆಮೇಲೆ ಹೇಳಿದ್ದೇನೆ. ಹಾಗೆ ಹೇಳ್ಬೇಕಂತೆ ಅಂತ ಹೇಳಿದ್ದು ನಾನು!”

“ಆಮೇಲೆ ಎಂತದೂ ಇಲ್ಲ ಮಾಮ. ಇಷ್ಟೇ ಇರುದು.”

ಮುದ್ದು ಹೊಸ್ತಿಲಲ್ಲಿ ನಿಂತು ಕೇಳಿದಳು. ಮೂರು ಸಲವೋ ನಾಲ್ಕು ಸಲವೋ.

“ಎಷ್ಟಕ್ಕೆ ಮಾರಿದ್ದಿ ನನ್ನ ಮಗನನ್ನು?” ಎಂದಳು. ಉತ್ತರಕ್ಕೆ ಕಾಯದೆ, “ಬೊಜ್ಜಕ್ಕೆ ನೀನು ಬರ್ಬೇಡ,” ಎಂದು ಒಳಗೆ ಹೋದಳು.

ಸತ್ತವನಿಗೆ ಎಡೆ ಬಡಿಸುವ ಬೊಜ್ಜದಲ್ಲಿ, ಅವರ ಮನೆಯ ಕ್ರಮದಂತೆ, ಮೊದಲ ತುತ್ತು ಇಡಬೇಕಾದವನು ಸೋದರಮಾವ.

ನೋಣಯ್ಯ ‘ಕಡಲಕಣ್ಣು’ ಚಾನೆಲಿನ ಆಫೀಸು ಹುಡುಕಿಕೊಂಡು ಹೋದ. ಗಾಜಿನ ಬಾಗಿಲೊಳಗಿದ್ದ ಹುಡುಗಿ ಅವನನ್ನು ಕಂಡದ್ದೇ ಎದ್ದು ಸುವಾಸನೆಯ ಸ್ಪ್ರೇ ಹೊಡೆದಳು. ದೀಕ್ಷಿತ್ ಬಾಗಿಲಿಗೇ ಬಂದು ಅಡ್ಡ ನಿಂತ.

“ಉಳಿದದ್ದು ಹಾಕಿ ಸಾರ್. ನಾನು ಹೇಳಿದ್ದು ಪೂರ್ತಿ ಹಾಕಿ. ನನ್ನ ತಂಗಿ ಬಾಗಿಲು ಹಾಕಿದ್ದಾಳೆ.”

“ಉಳಿದದ್ದು ಇಲ್ಲ, ಡಿಲೀಟ್ ಆಗಿದೆ.”

“ನಾನು ಹೇಳದೇ ಇದ್ದದ್ದನ್ನು ನೀವು ಹಾಕಿದ್ದು…”

“ಏ, ಸುಳ್ಳು ಹೇಳ್ಬೇಡ.” ದೀಕ್ಷಿತನ ಸ್ವರ ಏರಲಿಲ್ಲ. “ನೀನು ಹೇಳದ ಒಂದು ಶಬ್ದ ಉಂಟಾ ಅದರಲ್ಲಿ? ಒಂದು ತೋರಿಸು, ಈಗಲೇ ತೆಗೀತೇನೆ. ಎಲ್ಲ ನಿನ್ನ ಬಾಯಿಯದ್ದೇ ಅಲ್ವಾ ಮಾರಾಯ?”

ಶಬ್ದಗಳೆಲ್ಲ ನೋಣಯ್ಯನವೇ ಆಗಿದ್ದವು.

ಠಾಣೆಗೆ ಹೋದರೆ ಅಲ್ಲಿಯ ಸಾಹೇಬರು ತಮ್ಮ ಫೋನಿನಲ್ಲಿ ಅದನ್ನೇ ತೋರಿಸಿ ನಕ್ಕರು. “ಇವತ್ತೊಂದು, ನಾಳೆ ಒಂದು ಹೇಳ್ತೀಯಾ? ಒಳಗೆ ಹಾಕ್ಲಿಕ್ಕೆ ನಿನ್ನನ್ನೇ ಹಾಕ್ಬೇಕು.” ಡೆರಿಲನ ಲೈವೂ ಕಾಣೆಯಾಗಿತ್ತು. ಫ್ಲ್ಯಾಟಿನ ಹೆಸರು ಹಾಳಾಗುತ್ತದೆಂದು ಅಸೋಸಿಯೇಷನ್ನಿನವರು ಅದನ್ನು ತೆಗೆಸಿದ್ದರು. ಜನರ ಫೋನುಗಳಲ್ಲಿ ಉಳಿದವಕ್ಕೆಲ್ಲ ಹಾಡು ಅಂಟಿಕೊಂಡಿತ್ತು. ನೋಣಯ್ಯ ಕೂಗಿದ್ದು ಹಾಡಿನಡಿಯಲ್ಲಿ ಮುಳುಗಿತ್ತು. ಕಾಲನಿಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಜಯಕರನ ಕೆಲಸಕ್ಕೆ ಕಾಲನಿಯ ಬೇರೆ ಇಬ್ಬರು ಹೋಗತೊಡಗಿದರು.

ಬೊಜ್ಜದ ದಿನ ಸಂಜೆ ನೋಣಯ್ಯ ತಂಗಿಯ ಮನೆಯೆದುರು ರಸ್ತೆಯಾಚೆ ಮೋರಿಯ ಕಟ್ಟೆಯಲ್ಲಿ ಕೂತ. ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಳಗಿನಿಂದ ಕೋಳಿ ಸಾರಿನ ಪರಿಮಳ ಬಂತು. ಮುಖೇಶನಿಗೆಂದು ಎಲೆ ಹಾಕಿ ಬಡಿಸುತ್ತಿದ್ದರು. ಮೊದಲ ತುತ್ತು ಇಡುವಾಗ ಯಾರ ಕೈ ಮುಂದಾಯಿತೋ ಅವನಿಗೆ ಕಾಣಲಿಲ್ಲ.

ಮೋಕ್ಷಾ ರಸ್ತೆ ದಾಟಿ ಬಂದಳು. ಎದುರಿಗೆ ನಿಂತು ಫೋನು ಎತ್ತಿದಳು. ನೋಣಯ್ಯ ಹೊಡೆತ ತಪ್ಪಿಸಿಕೊಳ್ಳುವವನಂತೆ ಮುಖಕ್ಕೆ ಕೈ ಅಡ್ಡ ಹಿಡಿದ.

“ಕೈ ತೆಗೀರಿ ಮಾಮ. ಆವತ್ತು ಹೇಳಿದ್ದನ್ನು ಪೂರ್ತಿ ಹೇಳಿ. ನಾನು ಹಿಡೀತೇನೆ. ಒಂದು ಅಕ್ಷರ ತೆಗೆಯುದಿಲ್ಲ.”

“ನೀನು ನಂಬ್ತೀಯಾ ನನ್ನನ್ನು?”

“ಗೊತ್ತಿಲ್ಲ. ಹೇಳಿ.”

ನೋಣಯ್ಯ ಕೈ ತೆಗೆದ. ‘ಮುಖೇಶ ಇಳಿದದ್ದು’ ಎಂದು ಶುರು ಮಾಡಬೇಕೆಂದುಕೊಂಡ. ಅಲ್ಲಿಗೇ ಕತ್ತರಿಸಿದರೆ ಅದು ಜಯಕರನ ಮಾತು. ‘ಕುಡಿದಿದ್ದ ಅನ್ನುವುದು ಸುಳ್ಳು’. ಬಾಲ ತೆಗೆದರೆ ಮುಗಿಯಿತು. ‘ಇಳಿಸಿದ್ದು ನಾನಲ್ಲ’, ಆ ‘ಅಲ್ಲ’ವನ್ನು ಹಾರಿಸಿದರೆ ಉಳಿಯುವುದು ತಾನೇ. ಮೋಕ್ಷಾ ತೆಗೆಯಲಿಕ್ಕಿಲ್ಲ. ಆದರೆ ಇದು ಅವಳ ಕೈಯಿಂದ ಯಾವ ಕೈಗೆ ಹೋಗುತ್ತದೋ, ಆ ಕೈಯಿಂದ ಯಾವ ಕೈಗೋ. ಕತ್ತರಿ ಹಾಕಲಾಗದ ಒಂದು ಮಾತಿಗಾಗಿ ಅವನು ತನ್ನೊಳಗೆ ತಡಕಿದ. ಹುಟ್ಟಿದಂದಿನಿಂದ ಆಡಿದ ಮಾತುಗಳನ್ನೆಲ್ಲ ತಿರುವಿಹಾಕಿದ. ಸಿಗಲಿಲ್ಲ.

“ಹೇಳಿ ಮಾಮ.”

ಎದುರು ಮನೆಯಲ್ಲಿ ಬಡಿಸಿ ಆಯಿತು. ಸತ್ತವನು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳಕ್ಕೆ ಇಳಿದರು. ಇನ್ನು ಸ್ವಲ್ಪ ಹೊತ್ತು ಯಾರೂ ಮಾತಾಡುವಂತಿರಲಿಲ್ಲ. ಮುದ್ದು ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತಳು, ಆದರೆ ಕಿವಿಯ ಮೇಲಿದ್ದ ಸೆರಗನ್ನು ಹಿಂದಕ್ಕೆ ಸರಿಸಿದಳು.

ಮೋಕ್ಷಾಳ ಕೈ ನೋಯತೊಡಗಿತು. ಅವಳು ಇನ್ನೊಂದು ಕೈಯನ್ನು ಆಸರೆ ಕೊಟ್ಟು ಫೋನನ್ನು ಹಾಗೆಯೇ ಹಿಡಿದು ನಿಂತಳು.